ಖರ್ಚು ಪೋಷಕರದು, ಯೋಜನೆ ಯಾರದು?

2022ರ ಅಕ್ಟೋಬರ್‌ನಲ್ಲಿ ರಾಜ್ಯದ ಸಾರ್ವಜನಿಕ ಶಿಕ್ಷಣ ಇಲಾಖೆ ಒಂದು ಸುತ್ತೋಲೆ ಹೊರಡಿಸಿತು. ಸರ್ಕಾರಿ ಶಾಲೆಗಳ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು (ಎಸ್‌ಡಿಎಂಸಿ) ಪೋಷಕರಿಂದ ತಿಂಗಳಿಗೆ 100 ರೂಪಾಯಿ ದೇಣಿಗೆ ಪಡೆಯಬಹುದು ಎಂಬುದು ಅದರ ಸಾರ. ಕಡ್ಡಾಯವೇನಲ್ಲ, ಇಷ್ಟವಿದ್ದವರು ಕೊಡಲಿ ಎಂಬ ಸಮಾಧಾನವೂ ಜೊತೆಗಿತ್ತು. ಉಚಿತ ಶಿಕ್ಷಣ ಮಕ್ಕಳ ಮೂಲಭೂತ ಹಕ್ಕಾಗಿರುವಾಗ ಕೂಲಿನಾಲಿ ಮಾಡುವವರ ಮುಂದೆ ರಸೀದಿ ಪುಸ್ತಕ ಹಿಡಿದು ನಿಲ್ಲುವುದೇ ಎಂದು ನಾಲ್ಕೂ ಕಡೆಯಿಂದ ಟೀಕೆ ಬಂತು. ಕೆಲವೇ ದಿನಗಳಲ್ಲಿ ಸುತ್ತೋಲೆ ವಾಪಸಾಯಿತು, ಗದ್ದಲ ತಣ್ಣಗಾಯಿತು.

ತಣ್ಣಗಾಗುವ ಮೊದಲು ಒಂದು ಸಣ್ಣ ಲೆಕ್ಕ ಹಾಕಬೇಕಿತ್ತು. 30 ಮಕ್ಕಳಿರುವ ಶಾಲೆಯಲ್ಲಿ ಪ್ರತಿ ಮಗುವಿನ ಹೆಸರಲ್ಲೂ ತಿಂಗಳಿಗೆ 100 ರೂಪಾಯಿ ಬಂದರೆ ವರ್ಷಕ್ಕೆ 36,000 ರೂಪಾಯಿ. ಅದೇ ಶಾಲೆಗೆ ಸಮಗ್ರ ಶಿಕ್ಷಣ ಯೋಜನೆಯಡಿ ಸಿಗುವ ವಾರ್ಷಿಕ ಶಾಲಾ ಅನುದಾನ 10,000 ರೂಪಾಯಿ. 100 ಮಕ್ಕಳ ಶಾಲೆಗೆ ಅನುದಾನ 25,000. ಪೋಷಕರ ದೇಣಿಗೆ 1,20,000. ಅಂದರೆ ಶಾಲೆಯ ದಿನನಿತ್ಯದ ಖರ್ಚಿನ ಮಟ್ಟಿಗೆ ಸರ್ಕಾರಕ್ಕಿಂತ ಸುಮಾರು ನಾಲ್ಕೈದು ಪಟ್ಟು ದೊಡ್ಡ ದಾನಿಗಳಾಗಿ ಎಂದು ಆ ಸುತ್ತೋಲೆ ಪೋಷಕರಿಗೆ ಹೇಳುತ್ತಿತ್ತು. ಶಿಕ್ಷಕರ ಸಂಬಳ, ಬಿಸಿಯೂಟ, ಪಠ್ಯಪುಸ್ತಕ, ಸಮವಸ್ತ್ರ ಬೇರೆ ಬಾಬ್ತಿನವು, ನಿಜ; ಶಿಕ್ಷಣದ ಬಜೆಟ್ಟಿನ ದೊಡ್ಡ ಪಾಲು ಅಲ್ಲಿಗೇ ಹೋಗುತ್ತದೆ. ಇಲ್ಲಿ ಹೇಳುತ್ತಿರುವುದು ಸೀಮೆಸುಣ್ಣ, ಪೊರಕೆ, ಫಿನಾಯಿಲ್, ಸೋರುವ ನಲ್ಲಿ, ಕೆಟ್ಟ ಫ್ಯಾನಿನ ಹಣದ ಮಾತು. ಅನುದಾನದಲ್ಲಿ ಕನಿಷ್ಠ ಶೇ 10ರಷ್ಟು ಸ್ವಚ್ಛತೆಗೆ ಮೀಸಲಿಡಬೇಕೆಂಬ ನಿಯಮವಿದೆ. 10,000ದಲ್ಲಿ ಅದು ವರ್ಷಕ್ಕೆ 1,000 ರೂಪಾಯಿ. ಶೌಚಾಲಯ ಯಾಕೆ ಹಾಗಿದೆ ಎಂದು ಹೆಡ್‌ಮಾಸ್ತರರನ್ನು ಗದರುವ ಮುನ್ನ ಈ ಅಂಕಿಯನ್ನು ನೆನೆಯುವುದು ಒಳ್ಳೆಯದು.

ಕುತೂಹಲದ ಸಂಗತಿ ಎಂದರೆ ಕಾನೂನು ಹೇಳುವುದು ಬೇರೆಯೇ. 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯ 21ನೇ ಸೆಕ್ಷನ್ ಪ್ರತಿ ಸರ್ಕಾರಿ ಶಾಲೆಗೂ ಒಂದು ಸಮಿತಿ ಇರಬೇಕು, ಅದರಲ್ಲಿ ನಾಲ್ಕನೇ ಮೂರು ಭಾಗ ಪೋಷಕರೇ ಇರಬೇಕು, ಅರ್ಧದಷ್ಟು ಮಹಿಳೆಯರಿರಬೇಕು ಎನ್ನುತ್ತದೆ. ಶಾಲೆಯ ಕೆಲಸದ ಮೇಲೆ ಕಣ್ಣಿಡುವುದು, ಬಂದ ಹಣ ಹೇಗೆ ಖರ್ಚಾಯಿತೆಂದು ನೋಡುವುದು, ಶಾಲಾ ಅಭಿವೃದ್ಧಿ ಯೋಜನೆ ಬರೆಯುವುದು ಅದರ ಕೆಲಸ. 22ನೇ ಸೆಕ್ಷನ್ ಇನ್ನೊಂದು ಹೆಜ್ಜೆ ಮುಂದೆ ಹೋಗುತ್ತದೆ. ಸರ್ಕಾರವಾಗಲಿ ಸ್ಥಳೀಯ ಸಂಸ್ಥೆಯಾಗಲಿ ಕೊಡುವ ಅನುದಾನಕ್ಕೆ ಆ ಯೋಜನೆಯೇ ಆಧಾರವಾಗಬೇಕು ಎಂಬುದು ಅದರ ಎರಡನೇ ಉಪವಿಧಿ. ಓದಿದರೆ ಯಾರಿಗೂ ಅರ್ಥವಾಗುವಷ್ಟು ಸರಳವಾಗಿದೆ: ಊರಿನವರು ಬೇಕಾದದ್ದನ್ನು ಬರೆಯಬೇಕು, ಹಣ ಅದರ ಹಿಂದೆ ಬರಬೇಕು. ಆಗುತ್ತಿರುವುದು ತಿರುಗುಮುರುಗು. ಹಾಜರಿ ಪುಸ್ತಕದಲ್ಲಿ ಎಷ್ಟು ತಲೆ ಇವೆ ಎಂದು ಎಣಿಸಿ ಹಣ ಬರುತ್ತದೆ, ಯೋಜನೆಯನ್ನು ಆ ಹಣಕ್ಕೆ ಹೊಂದುವಂತೆ ಬರೆಯಲಾಗುತ್ತದೆ. 28 ಮಕ್ಕಳ ಎರಡು ಶಾಲೆಗಳಲ್ಲಿ ಒಂದರ ಹೆಂಚು ಪೂರ್ತಿ ಒಡೆದಿದ್ದು ಇನ್ನೊಂದರ ಮಾಳಿಗೆ ಗಟ್ಟಿಯಿದ್ದರೂ ಎರಡಕ್ಕೂ ಸಿಗುವ ಶಾಲಾ ಅನುದಾನ ಒಂದೇ.

ಕರ್ನಾಟಕದ ಮಟ್ಟಿಗೆ ಇದು ಹೆಚ್ಚು ಬೇಸರದ ಮಾತು. ಈ ವಿಚಾರವನ್ನು ನಾವು ದಿಲ್ಲಿಯಿಂದ ಕಲಿಯಬೇಕಿರಲಿಲ್ಲ. ವಿಜ್ಞಾನಿ ರಾಜಾ ರಾಮಣ್ಣ ಅವರ ಅಧ್ಯಕ್ಷತೆಯ ಶಿಕ್ಷಣ ಕಾರ್ಯಪಡೆಯ ಸಲಹೆಯ ಮೇರೆಗೆ 2001ರ ಏಪ್ರಿಲ್‌ನಲ್ಲೇ ಇಲ್ಲಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು ಹುಟ್ಟಿದವು. ಅದಕ್ಕೂ ಮೊದಲು ಇದ್ದ ಗ್ರಾಮ ಶಿಕ್ಷಣ ಸಮಿತಿಗಳಲ್ಲಿ ಊರಿನ ಪ್ರಮುಖರು ಇರುತ್ತಿದ್ದರು. ಅವರ ಮಕ್ಕಳು ಆ ಶಾಲೆಯಲ್ಲಿ ಓದುತ್ತಿರಬೇಕೆಂದೇನೂ ಇರಲಿಲ್ಲ. ಮಗು ಇದೇ ಶಾಲೆಯಲ್ಲಿದ್ದರೆ ಮಾತ್ರ ಸಮಿತಿಯಲ್ಲಿ ಜಾಗ ಎಂಬ ತತ್ವವನ್ನು ಎಸ್‌ಡಿಎಂಸಿ ತಂದಿತು. 40 ಸಾವಿರಕ್ಕೂ ಹೆಚ್ಚು ಶಾಲೆಗಳಲ್ಲಿ ಹಮಾಲರು, ಬೀಡಿ ಕಟ್ಟುವವರು, ಹೊಲದ ಕೂಲಿಗಳು ಸರ್ಕಾರಿ ಸಂಸ್ಥೆಯೊಂದರ ಮೇಲುಸ್ತುವಾರಿಗೆ ಕೂರುವಂತಾಯಿತು. ಶಿಕ್ಷಣ ಹಕ್ಕು ಕಾಯ್ದೆಗಿಂತ ಒಂಬತ್ತು ವರ್ಷ ಮೊದಲು.

ಕೂತದ್ದು ನಿಜ. ಮುಂದೇನಾಯಿತು? ಸಮಿತಿಯ ಸದಸ್ಯ ಕಾರ್ಯದರ್ಶಿ ಮುಖ್ಯ ಶಿಕ್ಷಕರೇ. ಸಭೆ ಕರೆಯುವವರು, ನಡಾವಳಿ ಬರೆಯುವವರು, ವೋಚರ್ ಇಟ್ಟುಕೊಳ್ಳುವವರು ಅವರು. ಬ್ಯಾಂಕ್ ಖಾತೆ ಅಧ್ಯಕ್ಷರು ಮತ್ತು ಮುಖ್ಯ ಶಿಕ್ಷಕರ ಜಂಟಿ ಹೆಸರಿನಲ್ಲಿ. ಸಭೆ ಬಹುತೇಕ ಶಾಲೆಯ ಹೊತ್ತಿನಲ್ಲಿ, ಬೆಳಿಗ್ಗೆ ಹನ್ನೊಂದಕ್ಕೋ ಮಧ್ಯಾಹ್ನ ಮೂರಕ್ಕೋ. ದಿನಗೂಲಿಯವರಿಗೆ ಆ ಸಭೆಯ ಬೆಲೆ ಅರ್ಧ ದಿನದ ಕೂಲಿ. ಹಾಗಾಗಿ ಎಷ್ಟೋ ಕಡೆ ನಡಾವಳಿ ಪುಸ್ತಕವೇ ಮನೆಮನೆಗೆ ಹೋಗಿ ಸಹಿ ಹಾಕಿಸಿಕೊಂಡು ಬರುತ್ತದೆ. ಅಧ್ಯಕ್ಷೆಯ ಬದಲು ಅಧ್ಯಕ್ಷೆಯ ಗಂಡ ಸಭೆಯಲ್ಲಿ ಕೂರುವ ನೋಟ ಪಂಚಾಯಿತಿಯಲ್ಲಿ ಕಂಡವರಿಗೆ ಹೊಸದೇನಲ್ಲ. ತರಬೇತಿ ಎಂದರೆ ಒಂದು ದಿನದ ಭಾಷಣ, ಒಂದು ಕೈಪಿಡಿ, ಊಟ. ನಗದು ಪುಸ್ತಕ ಓದುವುದು ಹೇಗೆ ಎಂದು ಕೂರಿಸಿಕೊಂಡು ಕಲಿಸುವವರು ವಿರಳ.

ಮುಖ್ಯ ಶಿಕ್ಷಕರನ್ನು ಖಳರನ್ನಾಗಿ ಮಾಡುವುದು ಸುಲಭ, ಅನ್ಯಾಯ ಕೂಡ. ಬಿಸಿಯೂಟದ ಲೆಕ್ಕ, ಆನ್‌ಲೈನ್ ಮಾಹಿತಿ ತುಂಬುವುದು, ಗಣತಿ, ಚುನಾವಣೆ ಕೆಲಸ, ಮಧ್ಯೆ ಎರಡು-ಮೂರು ತರಗತಿ ಒಟ್ಟಿಗೆ. ಅನುದಾನ ವರ್ಷದ ಕೊನೆಗೆ ಬಂದರೆ ಮಾರ್ಚ್ 31ರೊಳಗೆ ಹೇಗಾದರೂ ಖರ್ಚು ತೋರಿಸುವ ಒತ್ತಡ. ಆ ಅವಸರದಲ್ಲಿ ಸಮಿತಿಯನ್ನು ಕೇಳಿ ನಿರ್ಧರಿಸುವ ಪುರಸೊತ್ತು ಯಾರಿಗಿರುತ್ತದೆ?

ಇದರ ಜೊತೆ ಇನ್ನೊಂದು ತೊಡಕಿದೆ; ಅದನ್ನು ಯಾವ ಕಾನೂನೂ ಬಿಡಿಸಲಾರದು. ಪ್ರಶ್ನೆ ಕೇಳುವ ಧೈರ್ಯವಿರುವ ಪೋಷಕರು ಟಿ.ಸಿ. ಪಡೆದು ಹೋಗಿಬಿಟ್ಟಿದ್ದಾರೆ. ಹಳದಿ ವ್ಯಾನು ಬರುವ ದಾರಿಯಲ್ಲಿ ಮನೆಯಿದ್ದು, ಶುಲ್ಕ ಕಟ್ಟುವ ತ್ರಾಣವಿದ್ದರೆ ಮಗು ಇಂಗ್ಲಿಷ್ ಮಾಧ್ಯಮಕ್ಕೆ. ಪಂಚಾಯಿತಿ ಸದಸ್ಯರ ಮಕ್ಕಳು, ಎಷ್ಟೋ ಕಡೆ ಸರ್ಕಾರಿ ಶಿಕ್ಷಕರ ಮಕ್ಕಳೂ ಅದೇ ವ್ಯಾನಿನಲ್ಲಿ. ಉಳಿದವರು ಬಡವರಲ್ಲಿ ಬಡವರು, ಹಾಗೂ ಕೇಳಲು ಹಿಂಜರಿಯುವವರು. ಮೇಲುಸ್ತುವಾರಿಯ ಭಾರ ಅವರ ಹೆಗಲ ಮೇಲೆ. ಆದರೂ ಕೆಲವು ಕಡೆ ಅವರು ಮಾಡಿ ತೋರಿಸಿದ್ದಾರೆ. ಕರಾವಳಿಯ ಹಲವು ಶಾಲೆಗಳಲ್ಲಿ ಎಸ್‌ಡಿಎಂಸಿ ಮತ್ತು ಹಳೆ ವಿದ್ಯಾರ್ಥಿ ಸಂಘಗಳು ಸೇರಿ, ಸರ್ಕಾರ ಕಣ್ಣು ಬಿಡುವ ಮೊದಲೇ, ಎಲ್‌ಕೆಜಿ-ಯುಕೆಜಿ ತೆರೆದು ಗೌರವ ಶಿಕ್ಷಕಿಯರಿಗೆ ತಾವೇ ಸಂಬಳ ಹೊಂದಿಸಿದವು. ಮುಚ್ಚುವ ಹಂತದಲ್ಲಿದ್ದ ಶಾಲೆಗೆ ಮಕ್ಕಳು ಬಂದರು. ಮೆಚ್ಚಬೇಕಾದ್ದೇ. ಆದರೆ ದಾನಿಗಳಿರುವ ಊರಿನ ಶಾಲೆ ಉಳಿದು, ದಾನಿಗಳಿಲ್ಲದ ಊರಿನದು ಮುಚ್ಚುವುದಾದರೆ ಅದನ್ನು ಸುಧಾರಣೆ ಎನ್ನಲು ನನಗೆ ಮನಸ್ಸು ಬರುವುದಿಲ್ಲ.

ಪೋಷಕರಿಗೆ ನಿಜವಾದ ಅಧಿಕಾರ ಕೊಟ್ಟರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಶಿಕಾಗೊದಲ್ಲಿ ಒಂದು ಹಳೆಯ ಪ್ರಯೋಗವಿದೆ. 1988ರ ಶಾಸನದ ಪ್ರಕಾರ ಅಲ್ಲಿನ ಸಾರ್ವಜನಿಕ ಶಾಲೆಗಳಲ್ಲಿ ಚುನಾಯಿತ ಸ್ಥಳೀಯ ಮಂಡಳಿಗಳು ಬಂದವು: ಆರು ಪೋಷಕರು, ಇಬ್ಬರು ಬಡಾವಣೆಯವರು, ಇಬ್ಬರು ಶಿಕ್ಷಕರು, ಜೊತೆಗೆ ಪ್ರಾಂಶುಪಾಲರು. ಪ್ರಾಂಶುಪಾಲರನ್ನು ನಾಲ್ಕು ವರ್ಷದ ಕರಾರಿನ ಮೇಲೆ ಆರಿಸುವುದು ಈ ಮಂಡಳಿಯೇ. ಶಾಲೆಯ ಸುಧಾರಣಾ ಯೋಜನೆಗೂ ಸ್ವಂತ ವಿವೇಚನೆಯ ಹಣದ ಬಜೆಟ್ಟಿಗೂ ಅದರ ಒಪ್ಪಿಗೆ ಬೇಕು. ಅಲ್ಲಿ ಎಲ್ಲವೂ ಸುಸೂತ್ರವಾಗಲಿಲ್ಲ. ಮೊದಲ ಚುನಾವಣೆಯ ಉಮೇದು ಮುಂದಿನವುಗಳಲ್ಲಿ ಉಳಿಯಲಿಲ್ಲ, 1995ರಲ್ಲಿ ಶಾಲಾ ವ್ಯವಸ್ಥೆಯ ಲಗಾಮು ಮೇಯರ್ ಕೈಗೆ ಹೋಯಿತು. ಆದರೂ ಅಲ್ಲಿನ ಪ್ರಾಂಶುಪಾಲರು ಪೋಷಕರಿಗೆ ಉತ್ತರ ಹೇಳಲೇಬೇಕು, ಯಾಕೆಂದರೆ ಅವರ ಕರಾರು ಪೋಷಕರ ಕೈಯಲ್ಲಿದೆ. ಇಲ್ಲಿ ಶಿಕ್ಷಕರ ವರ್ಗಾವಣೆ, ಖಾಲಿ ಹುದ್ದೆ, ಸುತ್ತಲಿನ ಸಣ್ಣ ಶಾಲೆಗಳನ್ನು ದೊಡ್ಡದೊಂದಕ್ಕೆ ಸೇರಿಸುವ ತೀರ್ಮಾನ ಯಾವುದರಲ್ಲೂ ಎಸ್‌ಡಿಎಂಸಿಯ ಠರಾವಿಗೆ ಕಡೆಯ ಮಾತಿಲ್ಲ. ನೇಮಕದ ಅಧಿಕಾರ ಕೊಡಬೇಕೆಂದು ನಾನು ಹೇಳುತ್ತಿಲ್ಲ. ನಮ್ಮ ಊರುಗಳ ಜಾತಿ-ಪಕ್ಷದ ರಾಜಕೀಯದಲ್ಲಿ ಅದು ಶಿಕ್ಷಕರಿಗೆ ಉರುಳಾಗಬಹುದು. ಹಣದ ವಿಷಯದಲ್ಲಿ ಮಾತ್ರ ಪೋಷಕರ ಮಾತು ನಡೆಯಬೇಕು.

ಅದಕ್ಕೆ ಹೊಸ ಕಾಯ್ದೆ ಬೇಡ. 2023ರ ನವೆಂಬರ್ 1ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಸರ್ಕಾರಿ ಶಾಲೆಗಳಿಗೆ ವಿದ್ಯುತ್ ಮತ್ತು ನೀರು ಉಚಿತ ಎಂದು ಘೋಷಿಸಿದರು. ಅದಕ್ಕೂ ಒಂದು ವರ್ಷದ ಹಿಂದೆ ಪೋಷಕರ ಜೇಬಿಗೆ ಕೈ ಹಾಕಲು ಹೊರಟಿದ್ದ ವ್ಯವಸ್ಥೆ, ಮನಸ್ಸು ಮಾಡಿದರೆ ತಾನೇ ಭರಿಸಬಲ್ಲದು ಎಂಬುದು ಅಲ್ಲಿಗೆ ಸಾಬೀತಾಯಿತು. ಮುಂದಿನ ಹೆಜ್ಜೆ 22ನೇ ಸೆಕ್ಷನ್ನನ್ನು ಅಕ್ಷರಶಃ ಪಾಲಿಸುವುದು: ಶಾಲೆಗಳ ಯೋಜನೆಗಳನ್ನು ತಾಲ್ಲೂಕು ಮಟ್ಟದಲ್ಲಿ ಕೂಡಿಸಿ, ಯಾವ ಬೇಡಿಕೆಗೆ ಎಷ್ಟು ಕೊಟ್ಟೆವು, ಯಾವುದನ್ನು ಯಾಕೆ ಬಿಟ್ಟೆವು ಎಂದು ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿ ಬರಹದಲ್ಲಿ ಪ್ರತಿ ಎಸ್‌ಡಿಎಂಸಿಗೂ ಉತ್ತರಿಸಬೇಕು. ಸಭೆಯನ್ನು ಸಂಜೆಗೋ ಸಂತೆಯ ರಜೆಗೋ ಇಟ್ಟುಕೊಳ್ಳಲು ಅನುಮತಿ ಕೊಡಬೇಕು. ನಗದು ಪುಸ್ತಕದ ಸಾರಾಂಶ ಶಾಲೆಯ ಗೋಡೆಯ ಮೇಲಿರಬೇಕು.

ಸರ್ಕಾರ ಮಾಡುವ ತನಕ ಕಾಯಬೇಕಾಗಿಲ್ಲ. ನಿಮ್ಮ ಮಗು ಸರ್ಕಾರಿ ಶಾಲೆಯಲ್ಲಿದ್ದರೆ, ಮುಂದಿನ ಸಭೆಯಲ್ಲಿ ಸಹಿ ಹಾಕುವ ಮುನ್ನ ಎರಡು ದಾಖಲೆ ಕೇಳಿ: ಈ ವರ್ಷದ ನಗದು ಪುಸ್ತಕ ಮತ್ತು ಶಾಲಾ ಅಭಿವೃದ್ಧಿ ಯೋಜನೆ. ಕೇಂದ್ರದ ಮಾದರಿ ನಿಯಮದ ಪ್ರಕಾರ ಯೋಜನೆ ಆರ್ಥಿಕ ವರ್ಷ ಮುಗಿಯುವ ಮೂರು ತಿಂಗಳ ಮೊದಲೇ ಸಿದ್ಧವಾಗಬೇಕು, ಅಂದರೆ ಡಿಸೆಂಬರ್ ಕೊನೆಯೊಳಗೆ. ಇನ್ನೂ ಬರೆದಿಲ್ಲ ಎಂದರೆ ಅಲ್ಲೇ ಕೂತು ಬರೆಯಿರಿ, ಒಂದು ಪ್ರತಿಯನ್ನು ಬಿಇಒ ಕಚೇರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ.