ಚಂದಾಪುರದ ಕೆಮ್ಮಣ್ಣು: ಅದರ ಗುಣಲಕ್ಷಣಗಳೂ ವರ್ಗೀಕರಣವೂ

ಕೆಲಸವೊಂದು ಕೆಟ್ಟರೆ ಅದು ಮಣ್ಣುಪಾಲಾಯಿತೆಂದು ಹೇಳುತ್ತೇವೆ. ಬುದ್ಧಿಮಾಂದ್ಯನ ತಲೆಯಲ್ಲಿ ಮಣ್ಣು ತುಂಬಿದೆಯೆಂದು ಹಾಸ್ಯಮಾಡುತ್ತೇವೆ. ಹೀಗೆ ನಮ್ಮ ಮಾತಿನಲ್ಲಿ ಮಣ್ಣಿಗಿಂತ ಹೀನವಾದ ವಸ್ತು ಬೇರೊಂದಿಲ್ಲ. ಆದರೂ ನಾವು ದಿನವೂ ಉಣ್ಣುವ ರಾಗಿಯ ಮುದ್ದೆಯೂ ಅವರೆಕಾಳಿನ ಸಾರೂ ಆ ಹೀನವಸ್ತುವಿನಿಂದಲೇ ಬಂದವು. ನಮ್ಮ ಬಾಲಿಕೆಯರು ಭೂಗೋಳದ ಪಾಠದಲ್ಲಿ ದೂರದೇಶಗಳ ಪರ್ವತಗಳನ್ನೂ ನದಿಗಳನ್ನೂ ಕಂಠಪಾಠ ಮಾಡಿರುವರು. ತಮ್ಮ ಕಾಲಡಿಯಲ್ಲಿರುವ ಮಣ್ಣಿನ ಹೆಸರನ್ನು ಕೇಳಿದರೆ ಮಾತ್ರ ಉತ್ತರ ದೊರೆಯುವುದು ಅಪರೂಪ. ಆದುದರಿಂದ ಈ ಸಂಚಿಕೆಯ ಕೆಲವು ಪುಟಗಳನ್ನು ನಮ್ಮ ಚಂದಾಪುರದ ಸುತ್ತಲಿನ ಮಣ್ಣಿನ ವಿಚಾರಕ್ಕಾಗಿ ಮೀಸಲಿಡುವುದು ಯುಕ್ತವೆಂದು ಭಾವಿಸಿದ್ದೇವೆ.

ಚಂದಾಪುರವು ಬೆಂಗಳೂರಿನಿಂದ ಹೊಸೂರಿಗೆ ಹೋಗುವ ಹೆದ್ದಾರಿಯ ಮೇಲೆ, ಆನೇಕಲ್ ತಾಲ್ಲೂಕಿನಲ್ಲಿರುವುದು. ಒಂದೆರಡು ತಲೆಮಾರುಗಳ ಹಿಂದೆ ಇಲ್ಲಿ ರಾಗಿಯ ಹೊಲಗಳೂ ಹುರುಳಿಯ ಹೊಲಗಳೂ ಹಿಪ್ಪುನೇರಳೆಯ ತೋಟಗಳೂ ಕೆರೆಯ ಕೆಳಗಿನ ಗದ್ದೆಗಳೂ ಹರಡಿದ್ದುವು. ೧೯೭೦ರ ದಶಕದ ಕೊನೆಯಲ್ಲಿ ಹತ್ತಿರದಲ್ಲಿಯೇ ಎಲೆಕ್ಟ್ರಾನಿಕ್ಸ್ ಸಿಟಿಗೆ ಅಸ್ತಿಭಾರ ಬಿದ್ದಿತು, ಬೊಮ್ಮಸಂದ್ರದ ಕೈಗಾರಿಕಾ ಪ್ರದೇಶವು ಬೆಳೆಯಿತು, ಹೊಲಗಳು ಬಡಾವಣೆಗಳಾದುವು. ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಇಂತಹ ನಿವೇಶನಗಳಲ್ಲಿ ಮನೆ ಕಟ್ಟಿಸುತ್ತಿರುವರು ಅಥವಾ ಕಟ್ಟಿಸಬೇಕೆಂದಿರುವರು. ತಾವು ಕೊಂಡ ನೆಲವು ಎಂತಹುದೆಂಬುದನ್ನು ಅರಿಯುವುದು ಅವರಿಗೆ ಪ್ರಯೋಜನಕರವಲ್ಲವೆ?

ಮೊದಲು ಮಣ್ಣಿನ ಹುಟ್ಟನ್ನು ವಿಚಾರಿಸೋಣ. ಬೆಂಗಳೂರಿನ ಲಾಲ್‌ಬಾಗಿನಲ್ಲಿ ಕೆಂಪೇಗೌಡರ ಗೋಪುರವನ್ನು ಹೊತ್ತು ನಿಂತಿರುವ ಬಂಡೆಯನ್ನು ನಮ್ಮ ವಾಚಕರೆಲ್ಲರೂ ಕಂಡಿರಬಹುದು. ಬೂದು ಬಿಳುಪು ಪಟ್ಟೆಗಳುಳ್ಳ ಆ ಶಿಲೆಗೆ ನೈಸ್ ಎಂದು ಹೆಸರು. ಮೈಸೂರು ಭೂವಿಜ್ಞಾನ ಇಲಾಖೆಯ ಸ್ಮೀತ್ ಎಂಬ ವಿದ್ವಾಂಸರು ೧೯೧೬ರಲ್ಲಿ ಇದಕ್ಕೆ 'ಪರ್ಯಾಯದ್ವೀಪದ ನೈಸ್' ಎಂಬ ಅರ್ಥದ ಹೆಸರನ್ನಿತ್ತರು. ಇದರ ವಯಸ್ಸು ಸುಮಾರು ೩೦೦ ಕೋಟಿ ವರ್ಷಗಳು. ಚಂದಾಪುರದಲ್ಲಿ ಬಾವಿಯನ್ನಾಗಲಿ ಕೊಳವೆಬಾವಿಯನ್ನಾಗಲಿ ತೋಡುವಾಗ ಕೆಳಗೆ ಸಿಕ್ಕುವುದೂ ಈ ಜಾತಿಯ ಕಲ್ಲೇ.

ಈ ಕಲ್ಲಿನಲ್ಲಿ ಮುಖ್ಯವಾಗಿ ಮೂರು ಖನಿಜಗಳಿರುವುವು. ಬೆಣಚುಕಲ್ಲಿನ ಕಣಗಳು ಗಾಳಿ ಮಳೆಗಳಿಗೆ ಸುಲಭವಾಗಿ ಬಗ್ಗುವುವಲ್ಲ. ಅವೇ ಮರಳಾಗಿ ಉಳಿಯುವುವು. ಫೆಲ್ಡ್‌ಸ್ಪಾರ್ ಎಂಬ ಖನಿಜವು ನೀರಿನಲ್ಲಿ ಮೆಲ್ಲಮೆಲ್ಲನೆ ಕೊಳೆತು ಕೇಯೊಲಿನ್ ಎಂಬ ಜೇಡಿಯಾಗುವುದು. ಕರಿಯ ಅಭ್ರಕವು ಶಿಥಿಲವಾದಾಗ ಅದರೊಳಗಿನ ಕಬ್ಬಿಣವು ಹೊರಬಂದು ತುಕ್ಕು ಹಿಡಿಯುವುದು. ಕಬ್ಬಿಣದ ಗುದ್ದಲಿಗೆ ಮಳೆಗಾಲದಲ್ಲಿ ಹಿಡಿಯುವ ತುಕ್ಕಿಗೂ ನಮ್ಮ ನೆಲದ ಕೆಂಪಿಗೂ ಬಂಧುತ್ವವಿದೆಯೆಂದರೆ ತಪ್ಪಾಗದು. ಮರಳು, ಜೇಡಿ, ತುಕ್ಕು, ಈ ಮೂರರ ಸಮ್ಮಿಶ್ರಣವೇ ನಮ್ಮ ಕೆಮ್ಮಣ್ಣು.

ಮಣ್ಣೆಂಬುದು ಕೇವಲ ಪುಡಿಯಾದ ಕಲ್ಲಲ್ಲವೆಂದು ರಷ್ಯಾ ದೇಶದ ದೊಕುಚಾಯೆವ್ ಎಂಬ ಪಂಡಿತರು ೧೮೮೩ರಲ್ಲಿ ಪ್ರಕಟಿಸಿದ ತಮ್ಮ ಗ್ರಂಥದಲ್ಲಿ ತೋರಿಸಿಕೊಟ್ಟರು. ಅವರ ದಾರಿಯಲ್ಲಿ ನಡೆದ ಹಾನ್ಸ್ ಯೆನ್ನಿಯವರು ೧೯೪೧ರಲ್ಲಿ ಮಣ್ಣಿನ ಹುಟ್ಟಿಗೆ ಐದು ಕಾರಣಗಳನ್ನು ಎಣಿಸಿದರು: ವಾಯುಗುಣ, ಜೀವಜಾಲ, ನೆಲದ ಏರುತಗ್ಗು, ಮೂಲಶಿಲೆ ಮತ್ತು ಕಾಲ. ಈ ಐದರಲ್ಲಿ ಒಂದು ಬೇರೆಯಾದರೂ ಮಣ್ಣು ಬೇರೆಯಾಗುವುದು.

ಇದಕ್ಕೊಂದು ದೃಷ್ಟಾಂತವನ್ನು ಕೊಡುತ್ತೇವೆ. ಅಮೆರಿಕಾದ ವಿಸ್ಕಾನ್ಸಿನ್ ಮೊದಲಾದ ಪ್ರಾಂತಗಳಲ್ಲಿ 'ಸ್ಪಾರ್ಟಾ' ಎಂಬ ಹೆಸರಿನ ಮಣ್ಣುಂಟು. ಅದೂ ನಮ್ಮ ಮಣ್ಣಿನಂತೆ ಮರಳಿನಿಂದ ಕೂಡಿದುದೇ. ಆದರೆ ಆ ಮರಳು ಅಲ್ಲಿಯೇ ಹುಟ್ಟಿದುದಲ್ಲ. ಹಿಮಯುಗವು ಮುಗಿಯುತ್ತಿದ್ದ ಕಾಲದಲ್ಲಿ ಮಹಾಹಿಮರಾಶಿಗಳು ಕರಗಲು, ಅವುಗಳ ನೀರು ಮರಳನ್ನು ಹೊತ್ತುತಂದು ಬಯಲಿನಲ್ಲಿ ಸುರಿಯಿತು. ಗಾಳಿಯು ಅದನ್ನು ತಿರುಗಿ ಹರಡಿತು. ಅದರ ಮೇಲೆ ಪ್ರೈರಿ ಎಂಬ ಹುಲ್ಲುಗಾವಲಿನ ಎತ್ತರವಾದ ಹುಲ್ಲು ಸಾವಿರಾರು ವರ್ಷ ಬೆಳೆದು, ಅದರ ಬೇರುಗಳು ಕೊಳೆತು, ಮೇಲ್ಮಣ್ಣು ಕಪ್ಪಾಯಿತು. ಚಳಿಯ ದೇಶವಾದುದರಿಂದ ಆ ಕೊಳೆತ ಸಾರವು ಬೇಗನೆ ನಾಶವಾಗಲಿಲ್ಲ. ನಮ್ಮದಾದರೋ ಇದ್ದ ಸ್ಥಳದಲ್ಲಿಯೇ ಶಿಲೆಯು ಕೊಳೆತು ಆದ ಮಣ್ಣು. ಇಲ್ಲಿನ ಬಿಸಿಲಿನಲ್ಲಿ ಎಲೆಯೂ ಬೇರೂ ಬಹುಬೇಗ ಕೊಳೆತು ಕಣ್ಮರೆಯಾಗುವುದರಿಂದ ನಮ್ಮ ಮೇಲ್ಮಣ್ಣಿನಲ್ಲಿ ಆ ಕಪ್ಪು ಸಾರವು ಅತ್ಯಲ್ಪ. ಆ ಮಣ್ಣಿಗೆ ಹುಲ್ಲು ಕೂಡಿಟ್ಟ ಆಸ್ತಿಯುಂಟು. ನಮ್ಮ ಮಣ್ಣು ದಿನಗೂಲಿಯವನಂತೆ ಅಂದಂದಿನ ಗೊಬ್ಬರವನ್ನು ಅಂದಂದಿಗೇ ಉಂಡು ಮುಗಿಸುವುದು.

ಚಂದಾಪುರದ ನೆಲವೆಲ್ಲವೂ ಒಂದೇ ಬಗೆಯದೆಂದು ತಿಳಿಯಬಾರದು. ದಿಣ್ಣೆಯಿಂದ ಕೆರೆಯ ಕಡೆಗೆ ಇಳಿದು ನಡೆದರೆ ಮಣ್ಣು ಕ್ರಮವಾಗಿ ಬದಲಾಗುವುದು. ದಿಣ್ಣೆಯ ಮೇಲೆ ಗರಸು. ಕೈಗೆ ಕಲ್ಲುಹರಳುಗಳು ಸಿಕ್ಕುವುವು, ಆಳವು ಕಡಿಮೆ, ಹುರುಳಿಗೆ ಮಾತ್ರ ಯೋಗ್ಯ. ಇಳಿಜಾರಿನಲ್ಲಿ ರಾಗಿಗೆ ಒಪ್ಪುವ ಆಳವಾದ ಕೆಮ್ಮಣ್ಣು. ಇನ್ನೂ ಕೆಳಗೆ, ನೀರು ಬಹುಕಾಲ ನಿಲ್ಲುವೆಡೆಯಲ್ಲಿ, ಕಬ್ಬಿಣದ ತುಕ್ಕು ತನ್ನ ಕೆಂಪನ್ನು ಕಳೆದುಕೊಂಡು ಮಣ್ಣು ಹಳದಿಯೂ ಬೂದಿಯೂ ಆಗುವುದು, ಅದು ಗದ್ದೆ. ಕೆರೆಯ ಅಂಗಳದಲ್ಲಿ ಮೇಲಿನಿಂದ ಹರಿದುಬಂದ ನುಣುಪಾದ ಕಪ್ಪು ಗೋಡು. ಆಫ್ರಿಕಾ ಖಂಡದ ಟಾಂಗನೀಕದಲ್ಲಿ ಕೆಲಸಮಾಡುತ್ತಿದ್ದ ಮಿಲ್ನ್ ಎಂಬ ವಿಜ್ಞಾನಿಯು ೧೯೩೦ರ ದಶಕದಲ್ಲಿ ಇಂತಹ ಸಾಲಿಗೆ 'ಸರಪಳಿ' ಎಂಬರ್ಥದ ಲ್ಯಾಟಿನ್ ಹೆಸರನ್ನಿಟ್ಟನು. ನಮ್ಮ ರೈತರು ಈ ಸರಪಳಿಯ ಎರಡು ತುದಿಗಳನ್ನು ಪುನಃ ಸೇರಿಸುವ ಉಪಾಯವನ್ನು ಬಹಳ ಹಿಂದೆಯೇ ಕಂಡುಕೊಂಡಿದ್ದರು. ಬೇಸಗೆಯಲ್ಲಿ ಕೆರೆ ಬತ್ತಿದಾಗ ಅದರ ಗೋಡನ್ನು ಗಾಡಿಗಳಲ್ಲಿ ತುಂಬಿ ದಿಣ್ಣೆಯ ಹೊಲಗಳಿಗೆ ಹೊಡೆಯುತ್ತಿದ್ದರು. ಮಳೆಯು ಕೆಳಗೆ ಒಯ್ದುದನ್ನು ಎತ್ತು ಮೇಲಕ್ಕೆ ತರುತ್ತಿದ್ದಿತು.

ಇನ್ನು ಈ ಕೆಮ್ಮಣ್ಣಿನ ಗುಣಲಕ್ಷಣಗಳನ್ನು ಹೇಳುವೆವು. ಮಣ್ಣಿನ ಕಣಗಳಲ್ಲಿ ೨ ಮಿಲಿಮೀಟರಿನಿಂದ ೦.೦೫ ಮಿಲಿಮೀಟರಿನವರೆಗಿನವು ಮರಳು. ಅದಕ್ಕೂ ಸಣ್ಣವಾಗಿ ೦.೦೦೨ ಮಿಲಿಮೀಟರಿನವರೆಗಿನವು ರೇವೆ. ಅದಕ್ಕಿಂತಲೂ ಸೂಕ್ಷ್ಮವಾದುವು ಜೇಡಿ. ಮನೆಯಲ್ಲಿಯೇ ಇದನ್ನು ಪರೀಕ್ಷಿಸಬಹುದು. ಗಾಜಿನ ಸೀಸೆಯೊಂದರಲ್ಲಿ ಮೂರರಲ್ಲೊಂದು ಭಾಗ ಮಣ್ಣನ್ನೂ ಉಳಿದ ಭಾಗ ನೀರನ್ನೂ ಹಾಕಿ, ಚೆನ್ನಾಗಿ ಕುಲುಕಿ ಅಲುಗಾಡಿಸದೆ ಇಡಬೇಕು. ಒಂದು ನಿಮಿಷದೊಳಗೆ ಮರಳು ತಳಕ್ಕಿಳಿಯುವುದು. ಕೆಲವು ಗಂಟೆಗಳಲ್ಲಿ ರೇವೆಯು ಅದರ ಮೇಲೆ ಕೂರುವುದು. ಜೇಡಿಯು ಮಾತ್ರ ಮರುದಿನವಾದರೂ ನೀರನ್ನು ಕೆಂಪಾಗಿಯೇ ಇಟ್ಟಿರುವುದು. ನಮ್ಮ ಇಳಿಜಾರಿನ ಮೇಲ್ಮಣ್ಣಿನಲ್ಲಿ ಮರಳಿನ ಪದರವೇ ಎಲ್ಲಕ್ಕಿಂತ ದಪ್ಪ. ಆದರೆ ಒಂದೆರಡು ಅಡಿ ಅಗೆದು ತೆಗೆದ ಮಣ್ಣನ್ನು ಹೀಗೆಯೇ ಪರೀಕ್ಷಿಸಿದರೆ ಜೇಡಿಯ ಅಂಶವು ಹೆಚ್ಚಾಗಿ ಕಾಣುವುದು. ಬಹುಕಾಲದ ಮಳೆನೀರು ಮೇಲಿನ ಜೇಡಿಯನ್ನು ಕೆಳಕ್ಕೆ ಒಯ್ದು ಅಲ್ಲಿ ನಿಲ್ಲಿಸಿರುವುದೇ ಇದಕ್ಕೆ ಮುಖ್ಯ ಕಾರಣ. ಈ ಒಂದು ಸಂಗತಿಯೇ ಮುಂದೆ ಹೇಳುವ ವರ್ಗೀಕರಣಕ್ಕೆ ಬೀಗದ ಕೈ.

ಮಳೆ ಬಿದ್ದು ಬಿಸಿಲು ಕಾಯ್ದರೆ ಈ ಮಣ್ಣಿನ ಮೇಲೆ ಗಟ್ಟಿಯಾದ ಹೆಪ್ಪು ಕಟ್ಟುವುದು. ಎಳೆಯ ಮೊಳಕೆಯು ಅದನ್ನು ಸೀಳಲಾರದೆ ಸೊರಗುವುದು. ರಾಗಿಯ ಪೈರಿನಲ್ಲಿ ಕುಂಟೆ ಹೊಡೆಯುವುದು ಕಳೆ ತೆಗೆಯುವುದಕ್ಕೆ ಮಾತ್ರವಲ್ಲ, ಈ ಹೆಪ್ಪನ್ನು ಒಡೆಯುವುದಕ್ಕೂ ಆಗಿದೆ. ಎರೆಭೂಮಿಯು ಬೇಸಗೆಯಲ್ಲಿ ಬಾಯಿಬಿಡುವಂತೆ ಇದು ಬಿರುಕುಬಿಡದು. ಏಕೆಂದರೆ ಕೇಯೊಲಿನ್ ಜೇಡಿಯು ನೀರು ಕುಡಿದು ಉಬ್ಬುವ ಸ್ವಭಾವದ್ದಲ್ಲ. ಅದೇ ಕಾರಣದಿಂದ ಗಿಡದ ಆಹಾರವನ್ನು ಹಿಡಿದಿಟ್ಟುಕೊಳ್ಳುವ ಶಕ್ತಿಯೂ ಅದಕ್ಕೆ ಸ್ವಲ್ಪವೇ. ಮಣ್ಣು ಸಾಮಾನ್ಯವಾಗಿ ತುಸು ಹುಳಿಯಾಗಿರುವುದು; ಸಾರಜನಕವು ಕಡಿಮೆ. ವರ್ಷಕ್ಕೆ ಸುಮಾರು ೮೦೦ ಮಿಲಿಮೀಟರಿನಷ್ಟು ಬೀಳುವ ಮಳೆಯನ್ನು ಇದು ಸುಲಭವಾಗಿ ಒಳಕ್ಕೆ ಬಿಟ್ಟುಕೊಳ್ಳುವುದು, ಆದರೆ ಬಹುಕಾಲ ಹಿಡಿದಿಡದು.

ವರ್ಗೀಕರಣದ ವಿಚಾರಕ್ಕೆ ಬಂದರೆ, ಒಂದೇ ನೆಲಕ್ಕೆ ಮೂವರು ಮೂರು ಬಗೆಯಲ್ಲಿ ಹೆಸರಿಟ್ಟಿರುವರು. ರೈತನು ಬಣ್ಣ, ಸ್ಪರ್ಶ, ಬೆಳೆಗಳನ್ನು ನೋಡಿ ಗರಸು, ಕೆಮ್ಮಣ್ಣು, ಎರೆ, ಗೋಡು ಎಂದನು. ಸರ್ಕಾರವು ಕಂದಾಯಕ್ಕಾಗಿ ನೆಲವನ್ನು ಖುಷ್ಕಿ, ತರಿ, ಬಾಗಾಯ್ತು ಎಂದು ವಿಂಗಡಿಸಿತು. ೧೮೬೩ರಲ್ಲಿ ಮೈಸೂರಿನಲ್ಲಿ ಬೊಂಬಾಯಿ ಪದ್ಧತಿಯ ಸರ್ವೆ ಆರಂಭವಾಯಿತು. ಆ ಪದ್ಧತಿಯಲ್ಲಿ ಮಣ್ಣಿನ ಜಾತಿಯನ್ನೂ ಆಳವನ್ನೂ ನೋಡಿ ಹದಿನಾರಾಣೆಗೆ ಇಷ್ಟಾಣೆಯೆಂದು ಬೆಲೆಕಟ್ಟಿ, ಕಲ್ಲು, ಮರಳು, ಇಳಿಜಾರು ಮೊದಲಾದ ದೋಷಗಳಿಗಾಗಿ ಬೆಲೆಯನ್ನು ತಗ್ಗಿಸುತ್ತಿದ್ದರು.

ಮೂರನೆಯವನು ವಿಜ್ಞಾನಿ. ೧೮೯೯ರಲ್ಲಿ, ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನದವರು ರೀಜೆಂಟರಾಗಿದ್ದ ಕಾಲದಲ್ಲಿ, ಹೆಬ್ಬಾಳದಲ್ಲಿ ೩೦ ಎಕರೆಯ ಪ್ರಯೋಗಕ್ಷೇತ್ರವು ಸ್ಥಾಪಿತವಾಗಿ, ಡಾಕ್ಟರ್ ಲೇಮನ್ ಎಂಬವರು ಅಲ್ಲಿ ಮಣ್ಣು ಬೆಳೆಗಳ ಪರೀಕ್ಷೆಯನ್ನು ಆರಂಭಿಸಿದರು. ಸ್ತ್ರೀಯೊಬ್ಬರ ಆಳ್ವಿಕೆಯಲ್ಲಿ ನಮ್ಮ ನಾಡಿನ ಮಣ್ಣಿನ ಶಾಸ್ತ್ರಕ್ಕೆ ನಾಂದಿಯಾಯಿತೆಂಬುದು ನಮ್ಮ ವಿದ್ಯಾರ್ಥಿನಿಯರಿಗೆ ಸಂತೋಷದ ವಿಷಯವಾಗಿರುವುದು. ಈಗ ಭಾರತದ ಮಣ್ಣಿನ ಸರ್ವೆಗಳಲ್ಲಿ, ಅಮೆರಿಕಾದಲ್ಲಿ ೧೯೭೫ರಲ್ಲಿ ಗ್ರಂಥರೂಪವಾಗಿ ಪ್ರಕಟವಾದ ಪದ್ಧತಿಯು ಬಳಕೆಯಲ್ಲಿದೆ. ಅದರಂತೆ ಲೋಕದ ಮಣ್ಣುಗಳೆಲ್ಲವೂ ಹನ್ನೆರಡು ಗಣಗಳೊಳಗೆ ಅಡಗುವುವು. ಮೇಲೆ ಹೇಳಿದ ಸ್ಪಾರ್ಟಾ ಮಣ್ಣು 'ಮಾಲಿಸಾಲ್', ಅಂದರೆ ಮೃದುಮಣ್ಣಿನ ಗಣ. ನಮ್ಮ ಇಳಿಜಾರಿನ ಆಳವಾದ ಕೆಮ್ಮಣ್ಣು 'ಆಲ್ಫಿಸಾಲ್' ಗಣಕ್ಕೆ ಸೇರಿದುದು.

ಬೆಂಗಳೂರು ಸೀಮೆಯ ಕೆಮ್ಮಣ್ಣುಗಳಲ್ಲಿ ಪ್ರಸಿದ್ಧವಾದುದು ವಿಜಯಪುರ ಶ್ರೇಣಿ. ಕೃಷಿ ವಿಶ್ವವಿದ್ಯಾನಿಲಯದ ಗಾಂಧಿ ಕೃಷಿ ವಿಜ್ಞಾನ ಕೇಂದ್ರದ ಖುಷ್ಕಿ ಕ್ಷೇತ್ರವು ಈ ಶ್ರೇಣಿಯದೇ. ಅದನ್ನು 'ಆಕ್ಸಿಕ್ ಹ್ಯಾಪ್ಲುಸ್ಟಾಲ್ಫ್' ಎಂದು ವರ್ಣಿಸಿರುವರು. ಹೆಸರು ಕಠಿನವಾದರೂ ಸಮಾಸವನ್ನು ಬಿಡಿಸುವಂತೆ ಹಿಂದಿನಿಂದ ಬಿಡಿಸಿದರೆ ಅರ್ಥವು ಸುಲಭ. 'ಆಲ್ಫ್' ಎಂದರೆ ಜೇಡಿಯು ಕೆಳಗಿಳಿದು ಸೇರಿರುವ, ಸುಣ್ಣವೇ ಮೊದಲಾದ ಸಾರಗಳು ಪೂರ್ತಿ ತೊಳೆದುಹೋಗದ ಮಣ್ಣು. 'ಉಸ್ಟ್' ಎಂದರೆ ವರ್ಷದಲ್ಲಿ ಕೆಲಕಾಲ ಒಣಗುವುದು. 'ಹ್ಯಾಪ್ಲ್' ಎಂದರೆ ಸರಳವಾದುದು. 'ಆಕ್ಸಿಕ್' ಎಂದರೆ ಬಹುವಾಗಿ ಶಿಥಿಲವಾಗಿ, ಆಹಾರವನ್ನು ಹಿಡಿಯುವ ಶಕ್ತಿ ಕುಗ್ಗಿದುದು. ರೈತನು ಅನುಭವದಿಂದ ತಿಳಿದಿದ್ದುದನ್ನೇ ಈ ಹೆಸರು ಒಂದೇ ಉಸಿರಿನಲ್ಲಿ ಹೇಳುವುದು.

ಹೆಸರಿನಿಂದ ಆಗುವ ಪ್ರಯೋಜನವೇನೆಂದು ಕೆಲವರು ಕೇಳಬಹುದು. ರೋಗದ ಹೆಸರು ತಿಳಿದ ಮೇಲೆಯೇ ವೈದ್ಯನು ಔಷಧವನ್ನು ಕೊಡಬಲ್ಲನಷ್ಟೆ. ಇದೇ ಕ್ಷೇತ್ರದಲ್ಲಿ ೧೯೭೮ರಲ್ಲಿ ರಾಗಿಯ ಮೇಲೆ ದೀರ್ಘಕಾಲದ ಪ್ರಯೋಗವೊಂದು ಆರಂಭವಾಯಿತು. ರಾಸಾಯನಿಕ ಗೊಬ್ಬರವನ್ನು ಮಾತ್ರ ಹಾಕಿದ ಮಡಿಗಳಲ್ಲಿ ಫಸಲು ಕಾಲಕ್ರಮದಲ್ಲಿ ಕುಗ್ಗಿತು. ಅದರೊಡನೆ ಹೆಕ್ಟೇರಿಗೆ ೧೦ ಟನ್ನಿನಂತೆ, ಅಂದರೆ ಎಕರೆಗೆ ಸುಮಾರು ೪ ಟನ್ನಿನಂತೆ, ಕೊಟ್ಟಿಗೆಯ ಗೊಬ್ಬರವನ್ನೂ ಸೇರಿಸಿದ ಮಡಿಗಳಲ್ಲಿ ಫಸಲು ನಿಂತಿತು. ಜೇಡಿಯು ಹಿಡಿಯಲಾರದುದನ್ನು ಕೊಳೆತ ಗೊಬ್ಬರವು ಹಿಡಿಯುವುದೆಂಬುದೇ ಇದರ ಮರ್ಮ.

ಇದರಿಂದ ತಿಳಿದುಬರುವ ಮುಖ್ಯ ವಿಷಯವೇನೆಂದರೆ, ನಮ್ಮ ನೆಲದ ಐಶ್ವರ್ಯವೆಲ್ಲವೂ ಮೇಲಿನ ಒಂದು ಗೇಣಿನಲ್ಲಿ ಇದೆ. ಕೆಳಗಿನ ಗಟ್ಟಿಯಾದ ಮಣ್ಣು ಮನೆಯ ಪಾಯಕ್ಕೆ ಒಳ್ಳೆಯದು, ಗಿಡಕ್ಕಲ್ಲ. ಈ ಗೇಣುದ್ದದ ಪದರದಲ್ಲಿ ಒಂದಂಗುಲವು ಹುಟ್ಟಬೇಕಾದರೆ ನೂರಾರು ವರ್ಷಗಳು ಬೇಕು. ಅದನ್ನು ಕೆರೆದು ಲಾರಿಗೆ ತುಂಬಲು ಯಂತ್ರಕ್ಕೆ ಅರ್ಧದಿನ ಸಾಕು. ಬಡಾವಣೆಗಾಗಿ ನೆಲವನ್ನು ಸಮಮಾಡುವಾಗ ಮೊದಲು ಹೋಗುವುದು ಇದೇ ಪದರ. ಮನೆ ಮುಗಿದ ಮೇಲೆ ಅಂಗಳದಲ್ಲಿ ನೆಟ್ಟ ಮಲ್ಲಿಗೆಯೂ ಕರಿಬೇವೂ ಏಳದಿರಲು, ಮನೆಯವರು ತಮ್ಮ ಕೈಗುಣವನ್ನು ಹಳಿದುಕೊಳ್ಳುವರು. ಸರಪಳಿಯ ಕೆಳತುದಿಯೂ ಕೆಟ್ಟಿದೆ. ಚಂದಾಪುರದ ಕೆರೆಯ ಮಾಲಿನ್ಯವು ರಾಷ್ಟ್ರೀಯ ಹಸಿರು ನ್ಯಾಯಮಂಡಲಿಯ ವಿಚಾರಣೆಗೆ ಬಂದ ಸಂಗತಿಯನ್ನು ವಾಚಕರು ಪತ್ರಿಕೆಗಳಲ್ಲಿ ಓದಿರಬಹುದು. ಕೊಳಚೆಯೂ ಕಾರ್ಖಾನೆಯ ನೀರೂ ಸೇರಿದ ಕೆರೆಯ ಗೋಡನ್ನು ಹಿಂದಿನಂತೆ ಹೊಲಕ್ಕೆ ಹಾಕುವುದು ಪರೀಕ್ಷೆಯಿಲ್ಲದೆ ಸಲ್ಲದು.

ಊರು ಬೆಳೆಯಬಾರದೆಂದು ನಾವು ಹೇಳುವುದಿಲ್ಲ. ನಮ್ಮ ಮಕ್ಕಳ ಜೀವನೋಪಾಯವು ಆ ಬೆಳವಣಿಗೆಯಲ್ಲಿಯೇ ಇದೆ. ಆದರೆ ಮನೆ ಕಟ್ಟಿಸುವವರು ಮೂರು ಕೆಲಸಗಳನ್ನು ಮಾಡಬಹುದು. ಪಾಯ ತೋಡುವ ಮೊದಲು ಮೇಲಿನ ಗೇಣುದ್ದದ ಮಣ್ಣನ್ನು ಬೇರೆ ರಾಶಿ ಹಾಕಿಸಿ, ಕೆಲಸ ಮುಗಿದ ಮೇಲೆ ಅಂಗಳಕ್ಕೆ ಮರಳಿ ಹರಡಿಸುವುದು ಮೊದಲನೆಯದು. ಅಡಿಗೆಮನೆಯ ಸಿಪ್ಪೆಯನ್ನೂ ಉದುರಿದ ಎಲೆಯನ್ನೂ ಸುಡದೆ ಗುಂಡಿಯಲ್ಲಿ ಕೊಳೆಸಿ ಮಣ್ಣಿಗೆ ಕೊಡುವುದು ಎರಡನೆಯದು. ಅಂಗಳವನ್ನೆಲ್ಲಾ ಗಾರೆಯಿಂದ ಮುಚ್ಚದೆ, ಮಳೆಯ ನೀರು ಇಂಗಲು ಒಂದಿಷ್ಟು ನೆಲವನ್ನು ತೆರೆದಿಡುವುದು ಮೂರನೆಯದು. ಮರಳು ಬೆರೆತ ನಮ್ಮ ಮಣ್ಣು ನೀರನ್ನು ಕುಡಿಯಲು ಎಂದೂ ಹಿಂಜರಿಯದು.

ಇವುಗಳಿಗೆ ಹೆಚ್ಚಿನ ಖರ್ಚಿಲ್ಲ, ತಿಳಿವಳಿಕೆಯೊಂದೇ ಬೇಕು. ಹಳೆಯ ವಿದ್ಯಾರ್ಥಿನಿಯರು ತಮ್ಮ ಮಕ್ಕಳ ಕೈಗೆ ಗಾಜಿನ ಸೀಸೆಯೊಂದನ್ನೂ ಹಿತ್ತಲಿನ ಒಂದು ಹಿಡಿ ಮಣ್ಣನ್ನೂ ಕೊಟ್ಟು ಮೇಲಿನ ಪರೀಕ್ಷೆಯನ್ನು ಮಾಡಿಸಲಿ. ತಮ್ಮ ನೆಲದ ಹೆಸರನ್ನು ಹೇಳಬಲ್ಲ ಮಗುವು ಅದನ್ನು ಲಾರಿಗೆ ತುಂಬಿಸುವ ಮೊದಲು ಒಂದು ಗಳಿಗೆಯಾದರೂ ಯೋಚಿಸುವುದೆಂದು ನಾವು ನಂಬಿರುವೆವು.