ಪುನಶ್ಚೇತನ ಚಿಕಿತ್ಸೆಯ ಸಹಾಯಕರು ಮತ್ತು ನಮ್ಮ ಮನೆಗಳು

ಎರಡು ಮೂರು ತಲೆಮಾರುಗಳಿಂದ ಮುಂಬಯಿಯಲ್ಲಿ ನೆಲೆಸಿರುವ ನಮ್ಮ ಕನ್ನಡಿಗ ಕುಟುಂಬಗಳಲ್ಲಿ ಹಿರಿಯರ ಸಂಖ್ಯೆ ಹೆಚ್ಚುತ್ತಿರುವುದನ್ನು ನಾವೆಲ್ಲ ಕಾಣುತ್ತಿದ್ದೇವೆ. ಹೋಟೆಲು, ಬ್ಯಾಂಕು, ಗಿರಣಿ, ರೈಲ್ವೆ ಎಂದು ದುಡಿದು ನಿವೃತ್ತರಾದವರಲ್ಲಿ ಒಬ್ಬರಿಗೆ ಪಾರ್ಶ್ವವಾಯು ಬಡಿಯಿತು, ಇನ್ನೊಬ್ಬರು ಬಚ್ಚಲುಮನೆಯಲ್ಲಿ ಜಾರಿಬಿದ್ದು ಸೊಂಟದ ಮೂಳೆ ಮುರಿದುಕೊಂಡರು ಎಂಬ ಸುದ್ದಿಗಳು ಸಂಘದ ಸಭೆಗಳಲ್ಲಿ ಆಗಾಗ ಕಿವಿಗೆ ಬೀಳುತ್ತವೆ. ನೋಡಲು ಹೋದವರು ಮೊದಲು ಕೇಳುವುದು ಡಾಕ್ಟರ್ ಯಾರೆಂದು. ಬಳಿಕ ಕೇಳುವುದು ಫಿಸಿಯೋಥೆರಪಿ ಆರಂಭವಾಯಿತೇ ಎಂದು. ರೋಗಿಯನ್ನು ಹಾಸಿಗೆಯಿಂದ ಗಾಲಿಕುರ್ಚಿಗೆ ದಾಟಿಸುವ, ಶೌಚಕ್ಕೆ ಕರೆದೊಯ್ಯುವ, ವ್ಯಾಯಾಮದ ನಡುವೆ ಬೆವರು ಒರೆಸುವ ಕೈ ಯಾರದೆಂದು ಮಾತ್ರ ಯಾರೂ ಕೇಳುವುದಿಲ್ಲ. ಈ ನಗರದ ಆಸ್ಪತ್ರೆಗಳಲ್ಲಿ ಅವರನ್ನು 'ಮಾಮಾ' ಎಂದೋ 'ಮಾವಶಿ' ಎಂದೋ ಕರೆಯುವುದು ರೂಢಿ. ಹೆಸರು ತಿಳಿಯದಿದ್ದರೂ ಕೆಲಸ ನಡೆಯುತ್ತದೆ. ಆ ಕೆಲಸದ ಸ್ವರೂಪವೇನು, ಅದನ್ನು ನಮ್ಮ ಮನೆಗಳವರು ಏಕೆ ಅರಿತಿರಬೇಕು ಎಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ.

ಈ ಚಿಕಿತ್ಸೆಗಳಿಗೂ ಮುಂಬಯಿಗೂ ಹಳೆಯ ನಂಟಿದೆ. ಅಮೆರಿಕದಲ್ಲಿ ಹುಟ್ಟಿ, ಭಾರತೀಯರೊಬ್ಬರನ್ನು ವಿವಾಹವಾಗಿ ಇಲ್ಲಿಯೇ ನೆಲೆಸಿದ ಕಮಲಾ ನಿಂಬ್ಕರ್ ಅವರು 1950ರಲ್ಲಿ ಪರೇಲಿನ ಕೆ.ಇ.ಎಂ. ಆಸ್ಪತ್ರೆಯಲ್ಲಿ ಆಕ್ಯುಪೇಷನಲ್ ಥೆರಪಿಯ ಶಾಲೆಯನ್ನು ಆರಂಭಿಸಿದರು. ದೇಶದಲ್ಲಿ ಈ ವಿಷಯಕ್ಕೆ ಅದೇ ಮೊದಲ ಶಾಲೆ. 1955ರಲ್ಲಿ ಹಾಜಿ ಅಲಿಯ ಬಳಿ ಅಖಿಲ ಭಾರತ ಭೌತಿಕ ವೈದ್ಯಕೀಯ ಮತ್ತು ಪುನರ್ವಸತಿ ಸಂಸ್ಥೆ ಸ್ಥಾಪನೆಗೊಂಡಿತು.

ಫಿಸಿಯೋಥೆರಪಿ ಎಂದರೆ ಬಹುತೇಕರಿಗೆ ಗೊತ್ತು. ಆಕ್ಯುಪೇಷನಲ್ ಥೆರಪಿ ಎಂದರೆ ಉದ್ಯೋಗ ಕೊಡಿಸುವುದೆಂದು ತಿಳಿದವರೂ ಇದ್ದಾರೆ. ಇಲ್ಲಿ ಆ ಪದಕ್ಕೆ ಅರ್ಥ ಬೇರೆ. ಮನುಷ್ಯನ ದಿನವನ್ನು ತುಂಬುವ ಎಲ್ಲ ಕೆಲಸಗಳೂ, ಅಂದರೆ ಹಲ್ಲುಜ್ಜುವುದು, ಅಂಗಿ ತೊಡುವುದು, ಅನ್ನ ಕಲಸುವುದು, ಬಸ್ಸು ಹತ್ತುವುದು ಎಲ್ಲವೂ, ಅದರ ವ್ಯಾಪ್ತಿಗೆ ಬರುತ್ತವೆ. ಕಾಲಿಗೆ ಬಲ ಬರಿಸಿ ನಡೆಸುವುದು ಮೊದಲನೆಯದರ ಮುಖ್ಯ ಕಾಳಜಿಯಾದರೆ, ನಡೆದು ಅಡುಗೆಮನೆಗೆ ಹೋಗಿ ತನ್ನ ಕಾಫಿಯನ್ನು ತಾನೇ ಬೆರೆಸಿಕೊಳ್ಳುವಂತೆ ಮಾಡುವುದು ಎರಡನೆಯದರ ಕಾಳಜಿ. ಸಹಾಯಕರು ಈ ಎರಡೂ ವಿಭಾಗಗಳಲ್ಲಿ ಥೆರಪಿಸ್ಟರ ಕೈಕೆಳಗೆ ದುಡಿಯುತ್ತಾರೆ. ರೋಗಿಯನ್ನು ಪರೀಕ್ಷಿಸುವುದು, ಯಾವ ವ್ಯಾಯಾಮವೆಂದು ನಿಶ್ಚಯಿಸುವುದು, ನಿಶ್ಚಯಿಸಿದ್ದನ್ನು ಬದಲಿಸುವುದು ಅವರ ಅಧಿಕಾರದಲ್ಲಿಲ್ಲ.

ರೋಗಿಗಳು ಬರುವುದಕ್ಕೆ ಮುಂಚೆಯೇ ಅವರ ದಿನ ಆರಂಭವಾಗುತ್ತದೆ. ಬಿಸಿ ಪ್ಯಾಕುಗಳ ತೊಟ್ಟಿಯ ನೀರನ್ನೂ, ಗಂಟು ಕಟ್ಟಿದ ಬೆರಳುಗಳನ್ನು ಅದ್ದುವ ಮೇಣದ ಪಾತ್ರೆಯ ಉಷ್ಣತೆಯನ್ನೂ ನೋಡಬೇಕು. ಮೇಣ ಸುಮಾರು 52ರಿಂದ 54 ಡಿಗ್ರಿ ಸೆಲ್ಸಿಯಸ್‌ನಲ್ಲಿರುತ್ತದೆ; ಪ್ಯಾಕುಗಳ ನೀರು 70 ಡಿಗ್ರಿಗೂ ಮೇಲೆ. ಆದುದರಿಂದಲೇ ಪ್ಯಾಕಿಗೂ ಚರ್ಮಕ್ಕೂ ನಡುವೆ ಆರರಿಂದ ಎಂಟು ಪದರ ಟವೆಲ್ ಇರಬೇಕೆಂಬ ಕಟ್ಟುನಿಟ್ಟು. ಮಧುಮೇಹದಿಂದಲೋ ಪಾರ್ಶ್ವವಾಯುವಿನಿಂದಲೋ ಸ್ಪರ್ಶ ಕಳೆದುಕೊಂಡವರಿಗೆ ಸುಟ್ಟುದು ತಿಳಿಯುವುದಿಲ್ಲ, "ಬಿಸಿ ಸಾಕೇ?" ಎಂದು ಕೇಳಿದರೆ ಸಾಕೆಂದೇ ಹೇಳುತ್ತಾರೆ. ಐದೈದು ನಿಮಿಷಕ್ಕೆ ಬಟ್ಟೆ ಸರಿಸಿ ಕಣ್ಣಿನಿಂದ ನೋಡುವುದೊಂದೇ ದಾರಿ. ವಾಕರಿನ ಕಾಲಿಗೆ ಹಾಕಿದ ರಬ್ಬರು ಸವೆದಿದೆಯೇ, ಗಾಲಿಕುರ್ಚಿಯ ಬ್ರೇಕು ಹಿಡಿಯುತ್ತದೆಯೇ, ನೆಲದಲ್ಲಿ ನೀರು ಚೆಲ್ಲಿದೆಯೇ ಎಂಬ ತಪಾಸಣೆಯೂ ಅವರದೇ. ಮಳೆಗಾಲದ ಮುಂಬಯಿಯಲ್ಲಿ ಈ ಕೊನೆಯದು ಸಣ್ಣ ಮಾತಲ್ಲ.

ಇನ್ನು ರೋಗಿಯನ್ನು ಒಂದೆಡೆಯಿಂದ ಇನ್ನೊಂದೆಡೆಗೆ ದಾಟಿಸುವ ಕೆಲಸ. ನೋಡುವವರಿಗೆ ಇದು ಬಲದ ಕೆಲಸವೆನ್ನಿಸುತ್ತದೆ. ನಮಗೂ ಹಾಗೆಯೇ ಅನ್ನಿಸಿತ್ತು. ನಮ್ಮ ತಂದೆಯವರಿಗೆ ದೇಹದ ಬಲಭಾಗ ಸೋತು, ಆಸ್ಪತ್ರೆಯಿಂದ ಮನೆಗೆ ಬಂದ ಮೊದಲ ವಾರ, ಅವರನ್ನು ಮಂಚದಿಂದ ಎಬ್ಬಿಸಲು ನಾವು ಎರಡೂ ಕೈಗಳನ್ನು ಹಿಡಿದು ಎಳೆಯುತ್ತಿದ್ದೆವು. ಮನೆಗೆ ಬರತೊಡಗಿದ ಸಹಾಯಕಿ ಅಕ್ಕಲಕೋಟೆ ಕಡೆಯವರು, ಮನೆಮಾತು ಕನ್ನಡ. ಮೊದಲ ದಿನವೇ ಬಾಗಿಲಲ್ಲಿ ನಿಂತು ಇದನ್ನು ಕಂಡವರು, "ಅಣ್ಣಾರ, ಬಲಾ ಇಲ್ಲದ ಕೈ ಹಿಡದು ಜಗ್ಗಬ್ಯಾಡ್ರಿ, ಭುಜದ ಕೀಲು ಸರೀತೈತಿ" ಎಂದು ತಡೆದರು. ಅವರು ಹೇಳಿದ್ದು ಅಕ್ಷರಶಃ ಸತ್ಯ. ಭುಜದ ಕೀಲನ್ನು ಅದರ ಸ್ಥಾನದಲ್ಲಿ ಹಿಡಿದಿಡುವ ಕೆಲಸದಲ್ಲಿ ಸುತ್ತಲಿನ ಸ್ನಾಯುಗಳ ಪಾಲು ದೊಡ್ಡದು. ಅವು ಸೋತಾಗ ತೋಳಿನ ಭಾರಕ್ಕೇ ಕೀಲು ಕೆಳಗೆ ಜಾರುತ್ತದೆ. ಅದರ ಮೇಲೆ ಎಳೆತವೂ ಸೇರಿದರೆ ತಿಂಗಳುಗಟ್ಟಲೆ ಕಾಡುವ ನೋವು ಬರುತ್ತದೆ. ಆ ನೋವಿಗೆ ಹೆದರಿ ರೋಗಿ ವ್ಯಾಯಾಮವನ್ನೇ ಬಿಡುತ್ತಾನೆ.

ಸರಿಯಾದ ಕ್ರಮವನ್ನು ಅವರಿಂದ ನಾವು ಕಲಿತೆವು. ಕುರ್ಚಿಯನ್ನು ರೋಗಿಯ ಗಟ್ಟಿ ಬದಿಗೆ, ಮಂಚಕ್ಕೆ ಸ್ವಲ್ಪ ಓರೆಯಾಗಿ ಇಡಬೇಕು. ಬ್ರೇಕು ಹಾಕಿ, ಪಾದ ಇಡುವ ಹಲಗೆಗಳನ್ನು ಮೇಲೆತ್ತಬೇಕು. ರೋಗಿ ಮಂಚದ ಅಂಚಿಗೆ ಸರಿದು, ಎರಡೂ ಪಾದಗಳನ್ನು ನೆಲಕ್ಕೂರಿ, ತಲೆ ಮೊಣಕಾಲಿನಿಂದಾಚೆ ಬರುವಷ್ಟು ಮುಂದಕ್ಕೆ ಬಾಗಬೇಕು. ಆಗ ಪೃಷ್ಠ ತಾನಾಗಿ ಹಗುರಾಗುತ್ತದೆ. ಸಹಾಯಕರು ಹಿಡಿಯುವುದು ಸೊಂಟಕ್ಕೆ ಕಟ್ಟಿದ ಅಗಲವಾದ ಪಟ್ಟಿಯನ್ನು, ಕೈಯನ್ನಲ್ಲ. ಬಗ್ಗಿಸುವುದು ತಮ್ಮ ಮೊಣಕಾಲನ್ನು, ಬೆನ್ನನ್ನಲ್ಲ. ನಡೆಸುವಾಗ ನಿಲ್ಲಬೇಕಾದುದು ಸೋತ ಬದಿಗೆ, ಅರ್ಧ ಹೆಜ್ಜೆ ಹಿಂದೆ. ಮೆಟ್ಟಿಲು ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ಸೋತ ಕಾಲು ಮೊದಲು. ಅಂಗಿ ತೊಡಿಸುವಾಗ ಸೋತ ಕೈ ಮೊದಲು, ಕಳಚುವಾಗ ಗಟ್ಟಿ ಕೈ ಮೊದಲು. ಅರುವತ್ತು ಕಿಲೋ ತೂಕವೂ ಇರದ ಆ ಹೆಂಗಸು ನಮ್ಮ ತಂದೆಯವರನ್ನು ಎಂದೂ 'ಎತ್ತಿದ್ದನ್ನು' ನಾವು ಕಾಣಲಿಲ್ಲ. ತಂದೆಯವರೇ ಏಳುತ್ತಿದ್ದರು.

ಸಹಾಯ ಮಾಡದೆ ಇರುವುದು ಈ ವೃತ್ತಿಯ ಅತ್ಯಂತ ಕಠಿಣ ಭಾಗವೆಂದು ನಮಗೆ ಮನವರಿಕೆಯಾದದ್ದು ಆಕ್ಯುಪೇಷನಲ್ ಥೆರಪಿಯ ಅಭ್ಯಾಸಗಳು ಮೊದಲಾದ ಬಳಿಕ. ಥೆರಪಿಸ್ಟರು ವಾರಕ್ಕೆರಡು ಬಾರಿ ಬಂದು ಹೇಳಿಹೋದುದನ್ನು ದಿನವೂ ಮಾಡಿಸುವ ಹೊಣೆ ಸಹಾಯಕಿಯದು. ಅಂಗಿಯ ಐದು ಗುಂಡಿ ಹಾಕಿಕೊಳ್ಳಲು ತಂದೆಯವರಿಗೆ ಇಪ್ಪತ್ತು ನಿಮಿಷ ಹಿಡಿಯುತ್ತಿತ್ತು. ನಮ್ಮ ತಾಯಿಯವರು ನೋಡಲಾರದೆ "ಪಾಪ, ಕೊಡಿ ಇಲ್ಲಿ" ಎಂದು ಕೈ ಹಾಕುತ್ತಿದ್ದರು. ಸಹಾಯಕಿ ತಮ್ಮ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಲ್ಲುತ್ತಿದ್ದರು. ಇದನ್ನು ಸೋಮಾರಿತನವೆಂದು ಬಗೆದು ಸಹಾಯಕರನ್ನು ಬದಲಿಸಿದ ಮನೆಗಳೂ ನಮಗೆ ಗೊತ್ತು. ಆದರೆ ಮೆದುಳು ಪುನಃ ಕಲಿಯುವುದು ಪದೇ ಪದೇ ಮಾಡಿದುದರಿಂದ. ಬೇರೆಯವರು ಹಾಕಿದ ಗುಂಡಿಯಿಂದ ರೋಗಿಯ ಬೆರಳು ಏನನ್ನೂ ಕಲಿಯುವುದಿಲ್ಲ. ನಮ್ಮ ಕಡೆಯ ಮನೆಗಳಲ್ಲಿ ಹಿರಿಯರ ಸೇವೆಯೆಂದರೆ ಅವರಿಗೆ ಯಾವ ಶ್ರಮವೂ ಆಗದಂತೆ ನೋಡಿಕೊಳ್ಳುವುದೆಂಬ ಭಾವನೆ ಬೇರೂರಿದೆ. ಈ ಒಂದು ವಿಷಯದಲ್ಲಿ ಆ ಭಾವನೆ ಹಿರಿಯರಿಗೇ ಕೆಡುಕು ಮಾಡುತ್ತದೆ ಎಂದು ನಾವು ಸಂಕೋಚವಿಲ್ಲದೆ ಹೇಳುತ್ತೇವೆ.

ಗಮನಿಸುವುದು ಮತ್ತು ತಿಳಿಸುವುದು ಸಹಾಯಕರ ಇನ್ನೊಂದು ಕರ್ತವ್ಯ. ಹಿಮ್ಮಡಿಯಲ್ಲಿ, ಬೆನ್ನಿನ ಬುಡದಲ್ಲಿ ಮಾಸದೆ ಉಳಿದ ಕೆಂಪು ಕಂಡರೆ ಅದು ಹಾಸಿಗೆ ಹುಣ್ಣಿನ ಮೊದಲ ಗುರುತು. ಆದ್ದರಿಂದಲೇ ಮಲಗಿರುವವರನ್ನು ಎರಡೆರಡು ತಾಸಿಗೆ ಮಗ್ಗುಲು ಬದಲಿಸುವ ಪದ್ಧತಿ. ನೀರು ಕುಡಿಯುವಾಗ ಕೆಮ್ಮು, ಒಂದು ಮೀನಖಂಡದಲ್ಲಿ ಮಾತ್ರ ಊತ, ನಿಂತೊಡನೆ ತಲೆಸುತ್ತು, ಇವನ್ನೆಲ್ಲ ಥೆರಪಿಸ್ಟರಿಗೋ ವೈದ್ಯರಿಗೋ ಕೂಡಲೇ ಹೇಳಬೇಕು. ಊದಿದ ಕಾಲನ್ನು ಎಣ್ಣೆ ಹಚ್ಚಿ ತಿಕ್ಕಲು ಮನೆಯವರು ಹೇಳಿದರೂ ತಿಕ್ಕಬಾರದು. ಒಳಗೆ ರಕ್ತ ಹೆಪ್ಪುಗಟ್ಟಿದ್ದರೆ ಅದು ಜೀವಕ್ಕೇ ಅಪಾಯ.

ಭಾಷೆಯ ವಿಷಯ ನಮ್ಮಂಥ ಹೊರನಾಡ ಕನ್ನಡಿಗರಿಗೆ ವಿಶೇಷವಾಗಿ ಸಂಬಂಧಿಸಿದ್ದು. ಮೆದುಳಿನ ಎಡಭಾಗಕ್ಕೆ ಪೆಟ್ಟಾದರೆ ದೇಹದ ಬಲಭಾಗ ಸೋಲುವುದರ ಜೊತೆಗೆ ಹಲವರಲ್ಲಿ ಮಾತೂ ಕುಂಠಿತವಾಗುತ್ತದೆ. ಹಲವು ಭಾಷೆ ಬಲ್ಲವರಿಗೆ ಅವೆಲ್ಲವೂ ಒಂದೇ ಪ್ರಮಾಣದಲ್ಲಿ ಮರಳಬೇಕೆಂದಿಲ್ಲ. ಯಾವುದು ಮೊದಲು ಮರಳುವುದೆಂಬುದು ವ್ಯಕ್ತಿಯಿಂದ ವ್ಯಕ್ತಿಗೆ ಬೇರೆ. ನಲುವತ್ತು ವರ್ಷ ಬ್ಯಾಂಕಿನಲ್ಲಿ ಮರಾಠಿ, ಹಿಂದಿ, ಇಂಗ್ಲಿಷುಗಳಲ್ಲಿ ವ್ಯವಹರಿಸಿದ ನಮ್ಮ ತಂದೆಯವರು ಆಸ್ಪತ್ರೆಯಲ್ಲಿ ಎಡಬಲಗಳನ್ನು ತಪ್ಪಿಸುತ್ತಿದ್ದರು. ಮರಾಠಿಯ 'ಡಾವಾ' ಎಂದರೆ ಎಡ; ಹಿಂದಿಯ 'ದಾಯಾ' ಎಂದರೆ ಬಲ. ಒಬ್ಬ ಮಾಮಾ ಒಂದನ್ನೂ ಇನ್ನೊಬ್ಬ ಮಾಮಾ ಇನ್ನೊಂದನ್ನೂ ಹೇಳಿದರೆ, ಆರೋಗ್ಯವಂತನೇ ತಬ್ಬಿಬ್ಬಾಗುವಾಗ ರೋಗಿಯ ಪಾಡೇನು? ಮನೆಯಲ್ಲಿ ಅಕ್ಕಲಕೋಟೆಯವರ 'ಎಡಕ', 'ಬಲಕ' ಎಂಬ ಮಾತಿಗೆ ಅವರ ಕಾಲು ಸರಿಯಾಗಿಯೇ ಚಲಿಸಿತು. ಕರಾವಳಿಯ ಕನ್ನಡಕ್ಕೂ ಆ ಕನ್ನಡಕ್ಕೂ ಅಂತರವಿದ್ದರೂ ತೊಂದರೆಯಾಗಲಿಲ್ಲ. ಒಂದು ತಮಾಷೆ ಮಾತ್ರ ನಡೆಯಿತು. "ಒಂದು, ಎರಡು, ಮೂರು, ಏಳ್ರಿ" ಎಂದಾಗ ತಂದೆಯವರು, ಮೂರಾದ ಮೇಲೆ ಏಳು ಹೇಗೆ ಬಂತೆಂದು ತಡವರಿಸುತ್ತಲೇ ಕೇಳಿ ನಕ್ಕರು. ಆಸ್ಪತ್ರೆಗೆ ಸೇರಿದ ಮೇಲೆ ಅವರು ನಕ್ಕದ್ದು ಅದೇ ಮೊದಲು. ಕನ್ನಡ ಬಲ್ಲ ಸಹಾಯಕರು ಎಲ್ಲರಿಗೂ ದೊರೆಯಲಾರರು. ಹಾಗಿದ್ದಲ್ಲಿ ಹತ್ತು ಹನ್ನೆರಡು ಕನ್ನಡ ಪದಗಳನ್ನು ದೇವನಾಗರಿಯಲ್ಲಿ ಬರೆದು ಗೋಡೆಗೆ ಅಂಟಿಸಿದರೂ ಪ್ರಯೋಜನವಾಗುತ್ತದೆ.

ಇದನ್ನು ವೃತ್ತಿಯಾಗಿ ಕೈಗೊಳ್ಳುವವರ ಸ್ಥಿತಿ ಹೇಗಿದೆ? 2021ರಲ್ಲಿ ಸಂಸತ್ತು ಅಂಗೀಕರಿಸಿದ ಸಹವರ್ತಿ ಆರೋಗ್ಯ ವೃತ್ತಿಗಳ ರಾಷ್ಟ್ರೀಯ ಆಯೋಗ ಕಾಯಿದೆಯು ಫಿಸಿಯೋಥೆರಪಿ, ಆಕ್ಯುಪೇಷನಲ್ ಥೆರಪಿಗಳಿಗೆ ಮಾನ್ಯತೆ ಕೊಟ್ಟಿತು. ಆದರೆ ಸಹವರ್ತಿ ವೃತ್ತಿಪರರೆನಿಸಲು ಕನಿಷ್ಠ 2,000 ತಾಸುಗಳ ಶಿಕ್ಷಣ ಬೇಕೆಂಬುದು ಅದರ ನಿಯಮ. ಕೌಶಲ ತರಬೇತಿ ಯೋಜನೆಗಳಲ್ಲಿ 'ಜನರಲ್ ಡ್ಯೂಟಿ ಅಸಿಸ್ಟೆಂಟ್', 'ಹೋಮ್ ಹೆಲ್ತ್ ಏಡ್' ಎಂಬ ಹೆಸರಿನ ಕೆಲವು ತಿಂಗಳ ಶಿಕ್ಷಣ ಪಡೆದ ಸಹಾಯಕರು ಆ ಅಳತೆಯೊಳಗೆ ಬರುವುದಿಲ್ಲ. ಏನನ್ನೂ ಕಲಿಯದೆ ನೇರವಾಗಿ ಕೆಲಸಕ್ಕಿಳಿದವರೂ ಬಹಳ. ಮೊದಲು ಒಂದು ಬ್ಯೂರೋದಿಂದ ನಮ್ಮಲ್ಲಿಗೆ ಬಂದ ಹುಡುಗ ಗಾಲಿಕುರ್ಚಿಯ ಬ್ರೇಕನ್ನೇ ಕಂಡವನಲ್ಲ. ಎರಡನೆಯ ದಿನ ಕುರ್ಚಿ ಹಿಂದಕ್ಕೆ ಸರಿದು ತಂದೆಯವರು ನೆಲಕ್ಕೆ ಕುಸಿದರು. ಅವನದೇ ತಪ್ಪೆಂದು ನಮಗೆ ತೋರಲಿಲ್ಲ. ಹನ್ನೆರಡು ತಾಸಿನ ಪಾಳಿಗೆ ನಾವು ಕೊಟ್ಟ ಹಣದಲ್ಲಿ ಅವನ ಕೈ ಸೇರುತ್ತಿದ್ದುದು ಎಷ್ಟೆಂದು ಕೇಳಿ ತಿಳಿದಾಗ ತಲೆ ತಗ್ಗಿಸುವಂತಾಯಿತು. ಸಹಾಯಕರನ್ನು ಗೊತ್ತು ಮಾಡುವವರು ಹಣದ ಮಾತಿಗೆ ಮುಂಚೆ, ಮಂಚದಿಂದ ಕುರ್ಚಿಗೆ ದಾಟಿಸುವುದನ್ನು ಮಾಡಿ ತೋರಿಸುವಂತೆ ಕೇಳಲಿ. ಸಾಧ್ಯವಾದರೆ ಆ ಹೊತ್ತಿಗೆ ಥೆರಪಿಸ್ಟರೂ ಇರಲಿ. ಊಟಕ್ಕೆ, ವಿಶ್ರಾಂತಿಗೆ ಸಮಯ ಗೊತ್ತುಪಡಿಸುವುದೂ ಆಗಲೇ ಆಗಬೇಕು. ಬೆನ್ನುನೋವಿನಿಂದ ಈ ಕೆಲಸ ಬಿಡುವವರು ಅನೇಕರು.

ನಮ್ಮ ಸಹಾಯಕಿಗೆ ಬರೆಯಲು ಬರುತ್ತಿರಲಿಲ್ಲ. ಥೆರಪಿಸ್ಟರಿಗೆ ತೋರಿಸಲೆಂದು ಅವರು ಹಳೆಯ ಕ್ಯಾಲೆಂಡರಿನ ಆಯಾ ದಿನದ ಚೌಕದಲ್ಲಿ, ತಂದೆಯವರು ಹಿಡಿಯದೆ ಎದ್ದು ನಿಂತಷ್ಟು ಬಾರಿ ಪೆನ್ಸಿಲಿನಿಂದ ಗೀಟು ಹಾಕುತ್ತಿದ್ದರು. ಮೊದಲ ಹದಿನಾರು ಚೌಕಗಳು ಖಾಲಿ. ಹದಿನೇಳನೆಯದರಲ್ಲಿ ಒಂದು ಗೀಟು. ನಾಲ್ಕನೆಯ ತಿಂಗಳ ಕೊನೆಯ ಚೌಕದಲ್ಲಿ ಗೀಟುಗಳಿಗೆ ಜಾಗ ಸಾಲದೆ ಪಕ್ಕದ ಚೌಕಕ್ಕೆ ಹೋಗಿವೆ. ಆ ಕ್ಯಾಲೆಂಡರು ನಮ್ಮ ಮನೆಯಲ್ಲಿ ಇನ್ನೂ ಇದೆ.