ತುಕ್ಕು ಹಿಡಿದ ಮೋಟಾರಿನ ಹೊಸಿಲು

ಮನೆಯಲ್ಲಿ ಬೆಂಕಿಪೊಟ್ಟಣವಿದ್ದರೆ ಕಡ್ಡಿಗಳನ್ನು ಹೊರಕ್ಕೆ ಸುರಿದು, ಅದರ ಒಳತಟ್ಟೆಯನ್ನು ಮಾತ್ರ ಕೈಗೆ ತೆಗೆದುಕೊಳ್ಳಿ. ಎರಡು ತುದಿಗಳನ್ನೂ ಹಿಡಿದು ಮೆಲ್ಲನೆ ತಿರುಚಿದರೆ ಅದು ಸುಲಭವಾಗಿ ತಿರುಚಿಕೊಳ್ಳುತ್ತದೆ. ಅದೇ ತಟ್ಟೆಯನ್ನು ಹೊರಗವಚದೊಳಗೆ ತಳ್ಳಿ ಮತ್ತೆ ತಿರುಚಲು ಯತ್ನಿಸಿ. ಈಗ ಅದು ಬೆರಳಿಗೆ ಜಗ್ಗುವುದಿಲ್ಲ. ಸುತ್ತಲೂ ಮುಚ್ಚಿದ ಆಕಾರಕ್ಕೆ ಇರುವ ಬಲ ಅಂಥದು. ಚಾವಣಿಯುಳ್ಳ ಮೋಟಾರು ಕಾರು ಕವಚದೊಳಗಿನ ಪೊಟ್ಟಣದಂತೆ. ಟಾಪನ್ನು ಮಡಿಸಿ ಹಿಂದಕ್ಕೆ ಸರಿಸಬಹುದಾದ ತೆರೆದ ಕಾರು ಬರಿಯ ತಟ್ಟೆಯಂತೆ. ಹಳೆಯ ತೆರೆದ ಕಾರೊಂದನ್ನು ಮನೆಯಲ್ಲಿಯೇ ದುರಸ್ತಿಮಾಡ ಹೊರಟವರು ಸುತ್ತಿಗೆ ಹಿಡಿಯುವ ಮೊದಲು ಈ ಪೊಟ್ಟಣವನ್ನು ಹಿಡಿದು ನೋಡುವುದು ಲೇಸು.

ಅಂಥ ಕಾರೊಂದು ತುಮಕೂರಿನ ಹಳೆಯ ಮನೆಯೊಂದರ ಹಿತ್ತಲಲ್ಲಿ, ಹುಣಸೆಮರದ ಕೆಳಗೆ, ಮೂವತ್ತು ಮಳೆಗಾಲಗಳನ್ನು ಕಳೆದಿದೆಯೆಂದು ಭಾವಿಸೋಣ. ಅದು ಮಾರಿಸ್ ಮೈನರ್ ಆಗಿರಲಿ. ಅಲೆಕ್ ಇಸಿಗೋನಿಸ್ ಎಂಬ ಶಿಲ್ಪಿ ರೂಪಿಸಿದ ಈ ಸಣ್ಣ ಕಾರು 1948ರಲ್ಲಿ ಲಂಡನ್ನಿನ ಮೋಟಾರು ಪ್ರದರ್ಶನದಲ್ಲಿ ಮೊದಲು ಕಾಣಿಸಿಕೊಂಡಿತು. ಹತ್ತು ಲಕ್ಷದ ಸಂಖ್ಯೆಯನ್ನು ಮುಟ್ಟಿದ ಮೊದಲ ಬ್ರಿಟಿಷ್ ಕಾರು ಇದೇ. ಇದರ ಮುಚ್ಚಿದ ಮಾದರಿ ನಮ್ಮ ದೇಶದಲ್ಲಿ ‘ಬೇಬಿ ಹಿಂದೂಸ್ತಾನ್’ ಎಂಬ ಹೆಸರಿನಿಂದಲೂ ಓಡಾಡಿತು. ತೆರೆದ ಮಾದರಿಯ ತಯಾರಿಕೆ 1969ರಲ್ಲಿ ನಿಂತಿತು.

ಮಡಿಸುವ ಟಾಪು ಮೋಟಾರಿನವರ ಸ್ವಂತ ಕಲ್ಪನೆಯಲ್ಲ. ಕುದುರೆಗಾಡಿಯಿಂದ ಬಂದ ಬಳುವಳಿ. ಕುದುರೆಗಳಿಗೆ ಹೆಸರಾದ ಕುಣಿಗಲಿನ ವಾಚಕರಿಗೆ ಇದನ್ನು ಕೇಳಿ ಸಂತೋಷವಾದೀತು. ಆದರೆ ಗಾಡಿಯಲ್ಲಿ ಭಾರವನ್ನೆಲ್ಲ ಹೊರುತ್ತಿದ್ದುದು ಕೆಳಗಿನ ಮರದ ಚೌಕಟ್ಟು. ಮೇಲಿನದು ಕೂರುವ ಪೀಠ ಮಾತ್ರ. ಮೊದಲಿನ ಮೋಟಾರುಗಳಲ್ಲಿಯೂ ದಪ್ಪ ಉಕ್ಕಿನ ಚಾಸಿಯ ಮೇಲೆ ಮೈಯನ್ನು ಕೂರಿಸುತ್ತಿದ್ದರು. ಅಲ್ಲಿ ಟಾಪು ಇದ್ದರೇನು, ಇಲ್ಲದಿದ್ದರೇನು? ಮಾರಿಸ್ ಮೈನರಿನಲ್ಲಿ ಹಾಗಲ್ಲ. ಸುಮಾರು ಒಂದು ಮಿಲಿಮೀಟರ್ ದಪ್ಪದ ತಗಡುಗಳನ್ನು ಮಡಿಸಿ, ಕೊಳವೆಗಳಂತೆ ಕೂಡಿಸಿ, ಬೆಸೆದ ಮೈಯೇ ಅದಕ್ಕೆ ಅಸ್ಥಿಪಂಜರವೂ ಹೌದು. ಚಾವಣಿಯನ್ನು ತೆಗೆದುಹಾಕಿದಾಗ ಅದು ಹೊರುತ್ತಿದ್ದ ಪಾಲನ್ನು ಬಾಗಿಲುಗಳ ಕೆಳಗೆ ಉದ್ದಕ್ಕೂ ಸಾಗುವ ಎರಡು ಪೆಟ್ಟಿಗೆಯಾಕಾರದ ತೊಲೆಗಳು ಹೊರಬೇಕಾಗುತ್ತದೆ. ಆದುದರಿಂದಲೇ ತೆರೆದ ಮಾದರಿಯಲ್ಲಿ ಅವುಗಳಿಗೆ ಹೆಚ್ಚಿನ ಬಲಪಟ್ಟಿಗಳನ್ನು ಕೊಟ್ಟಿದ್ದರು. ಬಾಗಿಲ ಕೆಳಗಿರುವುದರಿಂದ ಇವನ್ನು ಹೊಸಿಲು ಎಂದು ಕರೆಯೋಣ.

ದುರದೃಷ್ಟವಶಾತ್ ತುಕ್ಕಿಗೆ ಅತ್ಯಂತ ಪ್ರಿಯವಾದ ತಾಣವೂ ಈ ಹೊಸಿಲೇ.

ತುಕ್ಕೆಂದರೆ ಕಬ್ಬಿಣದ ಮೇಲೆ ಕುಳಿತ ಕೊಳೆಯೆಂದು ಅನೇಕರು ತಿಳಿದಿದ್ದಾರೆ. ಉಜ್ಜಿದರೆ ಹೋಗುತ್ತದೆ, ಕೆಳಗೆ ಕಬ್ಬಿಣ ಮೊದಲಿನಂತೆಯೇ ಇರುತ್ತದೆ ಎಂಬುದು ಅವರ ಎಣಿಕೆ. ನಿಜಸ್ಥಿತಿ ಬೇರೆ. ತುಕ್ಕು ಕಬ್ಬಿಣವೇ, ಆಮ್ಲಜನಕವನ್ನೂ ನೀರನ್ನೂ ಕೂಡಿಕೊಂಡು ಅದಿರಿನ ಸ್ಥಿತಿಗೆ ಮರಳಿದ ಕಬ್ಬಿಣ. ತುಮಕೂರು ಜಿಲ್ಲೆಯ ಚಿಕ್ಕನಾಯಕನಹಳ್ಳಿಯ ಬೆಟ್ಟಗಳಲ್ಲಿ ಸಿಕ್ಕುವ ಕೆಂಪು ಅದಿರಿಗೂ ಕಾರಿನ ಕೆಳಗೆ ಉದುರುವ ಕೆಂಪು ಪುಡಿಗೂ ರಸಾಯನಶಾಸ್ತ್ರದ ದೃಷ್ಟಿಯಲ್ಲಿ ಹತ್ತಿರದ ನಂಟು. 1923ರಲ್ಲಿ ಭದ್ರಾವತಿಯಲ್ಲಿ ಕುಲುಮೆ ಹೊತ್ತಿಸಿದವರು ಇದ್ದಿಲಿನ ಉರಿಯಿಂದ ಯಾವ ಆಮ್ಲಜನಕವನ್ನು ಅದಿರಿನಿಂದ ಬಿಡಿಸಿದರೋ ಅದನ್ನು ಗಾಳಿ ಮಳೆಗಳು ಸದ್ದಿಲ್ಲದೆ ಮತ್ತೆ ಕೂಡಿಸುತ್ತವೆ. ಹೀಗೆ ಮರಳಿದ ವಸ್ತು ಮೂಲ ಲೋಹದ ಎರಡರಿಂದ ಆರು ಪಟ್ಟು ಜಾಗವನ್ನು ಆಕ್ರಮಿಸುತ್ತದೆ. ಬೆಸೆದ ಎರಡು ತಗಡುಗಳ ನಡುವೆ ಹುಟ್ಟಿದರೆ ಅವು ಉಬ್ಬಿ ಬೇರ್ಪಡುವುದು ಇದರಿಂದಲೇ.

ಹೊಸಿಲೇ ಏಕೆ? ಇದಕ್ಕೆ ಉತ್ತರವನ್ನು ಕೇಂಬ್ರಿಜ್‌ನ ಯು. ಆರ್. ಇವಾನ್ಸ್ 1920ರ ದಶಕದಲ್ಲಿ ಒಂದೇ ಹನಿ ನೀರಿನಲ್ಲಿ ತೋರಿಸಿದರು. ಕಾಲೇಜಿನ ಪ್ರಯೋಗಶಾಲೆಯಲ್ಲಿ ನಮ್ಮ ವಿದ್ಯಾರ್ಥಿಗಳೂ ಇದನ್ನು ಅಧ್ಯಾಪಕರ ಸಮಕ್ಷಮದಲ್ಲಿ ಮಾಡಿ ನೋಡಬಹುದು. ಉಪ್ಪುನೀರಿಗೆ ಸ್ವಲ್ಪ ಪೊಟ್ಯಾಸಿಯಂ ಫೆರಿಸಯನೈಡನ್ನೂ ಕೆಲವು ತೊಟ್ಟು ಫಿನಾಲ್ಫ್ತಲೀನನ್ನೂ ಬೆರೆಸಿ, ಉಪ್ಪುಕಾಗದದಿಂದ ಚೆನ್ನಾಗಿ ಉಜ್ಜಿದ ಕಬ್ಬಿಣದ ತಗಡಿನ ಮೇಲೆ ಒಂದು ದೊಡ್ಡ ಹನಿಯನ್ನು ಇಡಬೇಕು. ಮೊದಲು ಅಲ್ಲಲ್ಲಿ ನೀಲಿ, ಗುಲಾಬಿ ಚುಕ್ಕೆಗಳೆದ್ದು, ಕ್ರಮೇಣ ಹನಿಯ ನಡುಭಾಗ ನೀಲಿಗೂ ಅಂಚು ಗುಲಾಬಿಗೂ ತಿರುಗುತ್ತದೆ. ನೀಲಿಯಿರುವಲ್ಲಿ ಕಬ್ಬಿಣ ಕರಗುತ್ತಿದೆ; ಗುಲಾಬಿಯಿರುವಲ್ಲಿ ಗಾಳಿಯ ಆಮ್ಲಜನಕ ಕ್ಷಾರವಾಗುತ್ತಿದೆ. ಒಂದು ಹನಿಯೇ ಒಂದು ವಿದ್ಯುತ್ಕೋಶ! ಸೋಜಿಗವೆಂದರೆ ಕಬ್ಬಿಣ ಸವೆಯುವುದು ಗಾಳಿ ಧಾರಾಳವಾಗಿ ದೊರೆಯುವ ಅಂಚಿನಲ್ಲಲ್ಲ, ಅದು ತಲಪದ ನಡುವಿನಲ್ಲಿ.

ಈಗ ಹುಣಸೆಮರದ ಕೆಳಗಿನ ಕಾರಿಗೆ ಬರೋಣ. ತುಮಕೂರಿನ ಹವೆ ಕರಾವಳಿಯದಕ್ಕಿಂತ ಒಣಹವೆ. ಸಮುದ್ರದ ಉಪ್ಪುಗಾಳಿ ಇಲ್ಲಿಗೆ ಬಾರದು. ಬಿಸಿಲಿಗೆ ತೆರೆದ ಬಾನೆಟ್ಟಿನ ಮೇಲಿನ ತುಕ್ಕು ನೋಡಲು ಭಯಂಕರವಾಗಿದ್ದರೂ ಬಹುಮಟ್ಟಿಗೆ ಮೇಲುಮೇಲಿನದು. ಆದರೆ ಹುಣಸೆಯ ಸಣ್ಣ ಎಲೆಗಳು ಸೀಳಿದ ಟಾಪಿನಿಂದ ಒಳಗೆ ಬಿದ್ದು, ಮಣ್ಣಿನೊಡನೆ ಕಲೆತು, ಹೊಸಿಲಿನ ತಳದಲ್ಲಿ ನೀರು ಹರಿದುಹೋಗಲೆಂದು ಬಿಟ್ಟ ತೂತುಗಳನ್ನು ಮುಚ್ಚುತ್ತವೆ. ಅಲ್ಲಿ ಸದಾ ತೇವ, ಗಾಳಿಗೆ ಪ್ರವೇಶವಿಲ್ಲ: ಇವಾನ್ಸರ ಹನಿಯ ನಡುಭಾಗವೇ ಅದು. ಹೊರಗೆ ಬಣ್ಣ ಹೊಳೆಯುತ್ತಿದ್ದರೂ ಒಳಗಿಂದ ತಗಡು ಹಪ್ಪಳವಾಗಿರುತ್ತದೆ.

ಪರೀಕ್ಷೆ ಕಷ್ಟವಲ್ಲ. ಸಣ್ಣ ಸುತ್ತಿಗೆಯಿಂದ ಹೊಸಿಲಿನುದ್ದಕ್ಕೂ ತಟ್ಟುತ್ತ ಹೋಗಬೇಕು. ಗಟ್ಟಿ ಲೋಹ ಕಣಕಣವೆಂದು ಮರುನುಡಿಯುತ್ತದೆ. ಸತ್ತ ಲೋಹ ಮಂಕಾಗಿ ದಬ್ಬೆನ್ನುತ್ತದೆ. ಆಮೇಲೆ ಬಾಗಿಲನ್ನು ಮುಚ್ಚಿ, ಅದರ ಸುತ್ತಲಿನ ಸಂದನ್ನು ಅಳೆದು, ಕಾರಿನ ಮುಂಭಾಗವನ್ನು ಜಾಕಿನಿಂದ ಮೆಲ್ಲಗೆ ಎತ್ತಿ ಮತ್ತೆ ಅಳೆಯಬೇಕು. ಸಂದು ಬದಲಾದರೆ, ಬಾಗಿಲು ಸಿಕ್ಕಿಕೊಂಡರೆ, ಕಾರು ನಡುವಿನಲ್ಲಿ ಮಡಿಸುತ್ತಿದೆಯೆಂದು ಅರ್ಥ. ಅಂಥದನ್ನು ರಸ್ತೆಗಿಳಿಸಿದವನು ಮೊದಲ ಹಳ್ಳದಲ್ಲಿಯೇ ತನ್ನ ಪ್ರಾಣವನ್ನು ಪಣಕ್ಕಿಟ್ಟಂತೆ. ಮೆತ್ತೆಯನ್ನು ಮೆತ್ತಿ, ಉಜ್ಜಿ, ಬಣ್ಣ ಬಳಿದು ಈ ತೂತುಗಳನ್ನು ಮುಚ್ಚುವವರುಂಟು. ಅದು ದುರಸ್ತಿಯಲ್ಲ, ಮೋಸ. ಮೋಸಹೋಗುವವನು ಸ್ವತಃ ಮಾಲಿಕನೇ ಆಗಿರಬಹುದು.

ಹೊಸಿಲನ್ನು ಕತ್ತರಿಸುವ ಮುನ್ನ ಬಾಗಿಲಿನ ತೆರಪಿಗೆ ಅಡ್ಡಲಾಗಿ ಕಬ್ಬಿಣದ ಕೊಳವೆಗಳನ್ನು ತಾತ್ಕಾಲಿಕವಾಗಿ ಬೆಸೆದು ನಿಲ್ಲಿಸಬೇಕು. ಇಲ್ಲವಾದರೆ ಕತ್ತರಿಸಿದೊಡನೆ ಮೈ ಕುಸಿದು, ಹೊಸ ತಗಡು ಆ ಸೊಟ್ಟನ್ನೇ ಶಾಶ್ವತಗೊಳಿಸುತ್ತದೆ. ಮೈಯನ್ನು ಸಮಪಾತಳಿಯಲ್ಲಿ ಅನೇಕ ಕಡೆ ಆಧಾರ ಕೊಟ್ಟು ಕೂರಿಸಿ, ಮೂಲೆಯಿಂದ ಮೂಲೆಗೆ ದಾರ ಹಿಡಿದು ಎರಡು ಕರ್ಣಗಳನ್ನೂ ಅಳೆಯಬೇಕು. ಮಂಚ ಮಾಡುವ ನಮ್ಮ ಬಡಗಿ ಮಾಡುವುದೂ ಇದನ್ನೇ: ಎದುರುಬದುರು ಬದಿಗಳು ಸಮವಾಗಿದ್ದು ಕರ್ಣಗಳೂ ಸಮವಾದರೆ ಚೌಕಟ್ಟು ನೇರ. ಒಂದು ಕಡೆಯ ಹೊಸಿಲು ಪೂರ್ತಿಯಾಗುವವರೆಗೆ ಇನ್ನೊಂದನ್ನು ಮುಟ್ಟಬಾರದು. ಬೆಸುಗೆಯ ಕೆಲಸವನ್ನು ಪಳಗಿದ ಟಿಂಕರಿಂಗ್ ಕೆಲಸಗಾರರಿಗೇ ಬಿಡುವುದು ಮೇಲೆಂದು ನಮ್ಮ ಅಭಿಪ್ರಾಯ. ತೆಳು ತಗಡಿನ ಬೆಸುಗೆಯನ್ನು ಓದಿ ಕಲಿಯಲಾಗದು.

ಎಷ್ಟನ್ನು ಕತ್ತರಿಸಬೇಕೆಂಬ ಪ್ರಶ್ನೆಗೆ ಕಾನೂನಿನ ಮುಖವೂ ಇದೆ. 2021ರ ಜುಲೈಯಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ನಿಯಮಗಳಂತೆ, ಮೊದಲ ನೋಂದಣಿಯಿಂದ 50 ವರ್ಷ ಕಳೆದ ವಾಹನವನ್ನು ವಿಂಟೇಜ್ ಎಂದು ನೋಂದಾಯಿಸಿ, ಫಲಕದಲ್ಲಿ ‘ವಿಎ’ ಅಕ್ಷರಗಳನ್ನು ಪಡೆಯಬಹುದು. ಆದರೆ ಅದು ಮೂಲರೂಪದಲ್ಲಿಯೇ ಇರಬೇಕು. ಚಾಸಿ, ಮೈ, ಎಂಜಿನ್ನುಗಳು ಗಣನೀಯವಾಗಿ ಮಾರ್ಪಟ್ಟಿರಬಾರದು. ಇಂಥ ಕಾರನ್ನು ಪ್ರದರ್ಶನಕ್ಕೋ ರ್‍ಯಾಲಿಗೋ ಒಯ್ಯಬಹುದೇ ಹೊರತು, ದಿನವೂ ತುಮಕೂರಿನಿಂದ ಗುಬ್ಬಿಗೆ ಉದ್ಯೋಗಕ್ಕೆ ಹೋಗಿಬರಲು ಬಳಸುವಂತಿಲ್ಲ. ಸತ್ತ ಲೋಹವನ್ನಷ್ಟೇ ತೆಗೆದು, ಬದುಕಿದ್ದನ್ನು ಉಳಿಸಿಕೊಳ್ಳುವ ಜಾಣ್ಮೆ ಇಲ್ಲಿ ಎರಡು ರೀತಿಯಲ್ಲಿ ಲಾಭಕರ. ಹಳೆಯ ಕಾರುಗಳು ಮೂಲರೂಪದಲ್ಲಿ ಹೇಗಿದ್ದವೆಂದು ಕಣ್ಣಾರೆ ನೋಡಬಯಸುವವರು ಧರ್ಮಸ್ಥಳದ ವಾಹನ ಸಂಗ್ರಹಾಲಯಕ್ಕೆ ಹೋಗಬಹುದು.

ಬಿಡಿಸಬಹುದಾದ ಸಣ್ಣ ಭಾಗಗಳ ತುಕ್ಕಿಗೆ ಮನೆಯಲ್ಲಿಯೇ ಮದ್ದುಂಟು. ಹಿತ್ತಾಳೆಯ ಬಿಂದಿಗೆಯನ್ನು ಹುಣಸೆಹಣ್ಣಿನಿಂದ ಬೆಳಗುವ ನಮ್ಮ ತಾಯಂದಿರು ಬಳಸುತ್ತಿದ್ದುದು ಟಾರ್ಟಾರಿಕ್ ಆಮ್ಲವನ್ನು. ಈ ಆಮ್ಲದ ಅಣುಗಳು ತುಕ್ಕಿನ ಕಬ್ಬಿಣವನ್ನು ಇಕ್ಕುಳದಂತೆ ಕಚ್ಚಿ ಹಿಡಿದು ನೀರಿಗೆ ಸೆಳೆಯುತ್ತವೆ. ಹುಣಸೆಯ ಮಾರುಕಟ್ಟೆಗೆ ಪ್ರಸಿದ್ಧವಾದ ತುಮಕೂರಿನಲ್ಲಿ ಇದಕ್ಕೇನು ಬರ? ಕಾಕಂಬಿಯ ಒಂದು ಪಾಲಿಗೆ ಒಂಬತ್ತು ಪಾಲು ನೀರು ಬೆರೆಸಿ ಒಂದೆರಡು ವಾರ ಮುಳುಗಿಸಿಟ್ಟರೂ ಇದೇ ಫಲ. ಅದರ ವಾಸನೆಗೆ ನೆರೆಯವರು ಏನೆನ್ನುವರೋ, ಅದು ಬೇರೆ ಮಾತು.

ಇನ್ನೊಂದು ಮಾರ್ಗ ವಿದ್ಯುದ್ವಿಶ್ಲೇಷಣೆ. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ 10 ಲೀಟರ್ ನೀರಿಗೆ ಎರಡು ಮೂರು ದೊಡ್ಡ ಚಮಚ ವಾಷಿಂಗ್ ಸೋಡಾ ಕರಗಿಸಿ, ತುಕ್ಕು ಹಿಡಿದ ವಸ್ತುವನ್ನು 12 ವೋಲ್ಟಿನ ಬ್ಯಾಟರಿ ಚಾರ್ಜರಿನ ಋಣಧ್ರುವಕ್ಕೂ ಹಳೆಯ ಕಬ್ಬಿಣದ ತುಂಡೊಂದನ್ನು ಧನಧ್ರುವಕ್ಕೂ ಜೋಡಿಸಿ, ಒಂದನ್ನೊಂದು ಮುಟ್ಟದಂತೆ ಇಳಿಬಿಡಬೇಕು. ವಸ್ತುವಿನ ಮೇಲೆ ಜಲಜನಕದ ಗುಳ್ಳೆಗಳೆದ್ದು ತುಕ್ಕು ಸಡಿಲವಾಗಿ, ಉಳಿದದ್ದು ಕಪ್ಪು ಪುಡಿಯಾಗುತ್ತದೆ. ಧನಧ್ರುವಕ್ಕೆ ಸ್ಟೇನ್‌ಲೆಸ್ ಉಕ್ಕನ್ನು ಎಂದೂ ಬಳಸಬಾರದು. ಅದರ ಕ್ರೋಮಿಯಂ ನೀರನ್ನು ವಿಷಮಾಡುತ್ತದೆ. ಜಲಜನಕ ಸ್ಫೋಟಕವಾದುದರಿಂದ ಬಯಲಿನಲ್ಲಿಯೇ, ಬೆಂಕಿಯಿಂದ ದೂರವಾಗಿ ಮಾಡಬೇಕು. ಸ್ಪ್ರಿಂಗುಗಳನ್ನು ಈ ಬಕೆಟ್ಟಿಗೆ ಹಾಕಲಾಗದು, ಏಕೆಂದರೆ ಒಳಹೊಕ್ಕ ಜಲಜನಕ ಗಡಸು ಉಕ್ಕನ್ನು ಪೆಡಸಾಗಿಸುತ್ತದೆ. ಯಾವ ಮದ್ದಾದರೂ ಹೋದ ಕಬ್ಬಿಣವನ್ನು ಹಿಂದಕ್ಕೆ ತಾರದು. ಕುಳಿ ಕುಳಿಯಾಗಿಯೇ ಉಳಿಯುತ್ತದೆ.

ಎಲ್ಲಕ್ಕಿಂತ ಅಪಾಯಕಾರಿಯಾದುದು ಖಾಲಿ ಪೆಟ್ರೋಲ್ ಟ್ಯಾಂಕು. ಗಾಳಿಯಲ್ಲಿ ಪೆಟ್ರೋಲಿನ ಆವಿ ಸುಮಾರು ಶೇಕಡ 1.4ರಿಂದ 7.6ರವರೆಗೆ ಇದ್ದರೆ ಒಂದು ಕಿಡಿ ಸಾಕು. ತುಂಬಿದ ಟ್ಯಾಂಕಿಗಿಂತ ಬರಿದಾದ ಟ್ಯಾಂಕಿನೊಳಗೆ ಈ ಮಿಶ್ರಣ ಸುಲಭವಾಗಿ ಕೂಡಿಬರುತ್ತದೆ. ಬೆಸುಗೆಗೆ ಮೊದಲು ಅದನ್ನು ಕಾರಿನಿಂದಲೇ ಬಿಚ್ಚಿ ದೂರ ಇಡಬೇಕು. ಹಳೆಯ ಬಣ್ಣದಲ್ಲಿ ಸೀಸವಿರುವ ಸಂಭವವುಂಟು. ಆದುದರಿಂದ ನೀರು ಹಾಕಿ ಉಜ್ಜುವುದು ಕ್ಷೇಮ.

ಹೊಸ ತಗಡಿಗೆ ಮೊದಲು ಸತುವಿನ ಪುಡಿಯುಳ್ಳ ಪ್ರೈಮರನ್ನು ಬಳಿಯಬೇಕು. ಎರಡು ಲೋಹಗಳು ತೇವದಲ್ಲಿ ಒಂದನ್ನೊಂದು ಮುಟ್ಟಿದರೆ ಹೆಚ್ಚು ಕ್ರಿಯಾಶೀಲವಾದುದು ಕರಗಿ ಇನ್ನೊಂದನ್ನು ಉಳಿಸುತ್ತದೆ. ಸತುವು ತಾನು ಸವೆದು ಉಕ್ಕನ್ನು ಕಾಯುತ್ತದೆ. ಈ ನಿಯಮ ತಪ್ಪಾಗಿ ನಡೆದರೆ ಕೇಡು. ಅಲ್ಯೂಮಿನಿಯಂ ಪಟ್ಟಿಗೆ ಉಕ್ಕಿನ ತಿರುಪು ಹಾಕಿದರೆ ಅಲ್ಯೂಮಿನಿಯಂ ಬಿಳಿಯ ಪುಡಿಯಾಗಿ ಉದುರುತ್ತದೆ. 2023ರ ಫೆಬ್ರವರಿಯಲ್ಲಿ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ ಎಚ್‌ಎಎಲ್ ಸಂಸ್ಥೆಯ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಗೊಂಡಿತು. ಹಾರುವ ಯಂತ್ರವನ್ನು ಕಟ್ಟುವವರಿಗೂ ಬೇರೆ ಬೇರೆ ಲೋಹಗಳು ಸೇರುವ ಸಂದುಗಳನ್ನು ಕಾಯುವುದು ಇದೇ ಕಾರಣಕ್ಕಾಗಿ ನಿತ್ಯದ ಚಿಂತೆ.

ಹೊಸಿಲಿನ ಒಳಗೆ ಬಣ್ಣದ ಕುಂಚ ತಲಪದು. ಅಲ್ಲಿಗೆ ಮೇಣ ಬೆರೆತ ಎಣ್ಣೆಯನ್ನು ಸಿಂಪಡಿಸಿ, ತಳದ ತೂತುಗಳು ತೆರೆದಿವೆಯೇ ಎಂದು ಒಂದು ತಂತಿಯಿಂದ ಚುಚ್ಚಿ ನೋಡಬೇಕು. ಬಳಿಕ ತಾತ್ಕಾಲಿಕ ಕೊಳವೆಗಳನ್ನು ಕತ್ತರಿಸಿ ತೆಗೆದು, ಜಾಕನ್ನು ಮೊದಲಿನ ಜಾಗದಲ್ಲಿಯೇ ಇಟ್ಟು ಎತ್ತಿ, ಬಾಗಿಲನ್ನು ಒಂದು ಬೆರಳಿನಿಂದ ತಳ್ಳಿ ನೋಡೋಣ. ಎಲ್ಲಿಯೂ ಒರೆಯದೆ ಅದು ಟಪ್ಪೆಂದು ಕೂಡಿಕೊಂಡರೆ ಟಾಪಿನ ಬಟ್ಟೆಗೆ ಅಳತೆ ಕೊಡಬಹುದು. ಅಂದಿನಿಂದ ಕಾರನ್ನು ನಿಲ್ಲಿಸಲು ಹುಣಸೆಮರದ ಕೆಳಗಲ್ಲದೆ ಬೇರೊಂದು ಜಾಗವನ್ನು ನೋಡಬೇಕು.